ಸ್ಕ್ಯಾನರ್ ಆಂಟೆನಾ: ದುಡ್ಡು ಎತ್ತರಕ್ಕೂ ಕೇಬಲ್‌ಗೂ ಹೋಗಲಿ

ಮಾನ್ಯ ಸಂಪಾದಕರೇ,

ನಿಮ್ಮ ವಿಜ್ಞಾನ ಪುರವಣಿಯಲ್ಲಿ ಬಂದ ಹವ್ಯಾಸಿ ರೇಡಿಯೊ ಲೇಖನ ಹೊಸಬರಲ್ಲಿ ಆಸೆ ಹುಟ್ಟಿಸುವಂತಿತ್ತು. ಆದರೆ ಕೊನೆಯಲ್ಲಿ, ಮನೆಯ ಸ್ಕ್ಯಾನರ್‌ಗೆ (ಹಲವು ತರಂಗಾಂತರಗಳನ್ನು ಹುಡುಕಿ ಕೇಳಿಸುವ ರೇಡಿಯೊ ರಿಸೀವರ್) ಎಲ್ಲ ತರಂಗಾಂತರಗಳನ್ನೂ ಹಿಡಿಯುವ, ಮೇಲೆ ತಟ್ಟೆ ಕೆಳಗೆ ಶಂಕುವಿನ ಆಕಾರದ ದೊಡ್ಡ ಡಿಸ್ಕೋನ್ ಆಂಟೆನಾ, ಜೊತೆಗೆ ಸಂಕೇತ ಹಿಗ್ಗಿಸುವ ಆಂಪ್ಲಿಫೈಯರ್ ಕೊಳ್ಳಿ ಎಂದು ಹೇಳಿರುವುದು ಸರಿಯಲ್ಲ. ಹಾಗೆ ಸಾವಿರಾರು ರೂಪಾಯಿ ಹಾಕಿದವರು ಮೊದಲಿಗಿಂತ ಹೆಚ್ಚು ಗೊರಗೊರ ಸದ್ದು ಕೇಳುತ್ತ ಕೂರಬೇಕಾಗುತ್ತದೆ. ಏಕೆಂದು ವಿವರಿಸಲು ಸ್ವಲ್ಪ ಜಾಗ ಕೊಡಿ.

ಇಲ್ಲಿ ಹೇಳುವುದೆಲ್ಲ ಹ್ಯಾಮ್‌ಗಳು, ಅಂದರೆ ಪರವಾನಗಿ ಪಡೆದ ಹವ್ಯಾಸಿ ರೇಡಿಯೊದವರು, ಮಾತಾಡುವ 144–146 ಮತ್ತು 434–438 ಮೆಗಾಹರ್ಟ್ಸ್, ಬಾಹ್ಯಾಕಾಶ ನಿಲ್ದಾಣದ 145.800, ಹವಾಮಾನ ಉಪಗ್ರಹಗಳ 137 ಮೆಗಾಹರ್ಟ್ಸ್, ಇಂಥ ಗುಟ್ಟಿಲ್ಲದ ಪ್ರಸಾರಗಳ ಬಗ್ಗೆ. ಪೊಲೀಸರ ಮಾತು ಕದ್ದು ಕೇಳುವ ಚಪಲದವರಿಗೆ ಈ ಪತ್ರವಲ್ಲ. ರಿಸೀವರ್ ಕೊಳ್ಳುವ ಮುಂಚೆ ಪರವಾನಗಿಯ ನಿಯಮವನ್ನೂ ವಿಚಾರಿಸಿಕೊಳ್ಳುವುದು ಜಾಣತನ.

ಆಂಟೆನಾ ಆರಿಸುವಾಗ ಮೊದಲು ಕೇಳಿಕೊಳ್ಳಬೇಕಾದದ್ದು ಎಷ್ಟು ಕೇಳಬೇಕು ಎಂದಲ್ಲ, ಯಾವುದನ್ನು ಕೇಳಬೇಕು ಎಂದು. 7125ನ್ನು ನಿಮಗೆ ಕೇಳಬೇಕಾದ ಮೆಗಾಹರ್ಟ್ಸ್‌ನಿಂದ ಭಾಗಿಸಿ. ಕಾಲು ತರಂಗದ ಕಡ್ಡಿಯ (ಒಂದು ತರಂಗದ ಉದ್ದದ ಸುಮಾರು ಕಾಲು ಭಾಗದಷ್ಟಿರುವ ಆಂಟೆನಾ ಕಡ್ಡಿ) ಉದ್ದ ಸೆಂಟಿಮೀಟರ್‌ನಲ್ಲಿ ಬರುತ್ತದೆ. 145ಕ್ಕೆ 49 ಸೆಂ.ಮೀ., 436ಕ್ಕೆ 16 ಸೆಂ.ಮೀ. ಸ್ಕ್ಯಾನರ್ ಜೊತೆ ಬರುವ ಎಳೆಯುವ ಕಡ್ಡಿಗೂ ಇದೇ ಲೆಕ್ಕ. ಪೂರ್ತಿ ಎಳೆದಷ್ಟೂ ಚೆನ್ನಾಗಿ ಹಿಡಿಯುತ್ತದೆ ಎಂಬುದು ಬರೀ ನಂಬಿಕೆ. 145ಕ್ಕೆ ಕತ್ತರಿಸಿದ ಕಡ್ಡಿ ಅದರ ಮೂರು ಪಟ್ಟಾದ 435ರಲ್ಲೂ ಮುಕ್ಕಾಲು ತರಂಗವಾಗಿ ಕೆಲಸ ಮಾಡುತ್ತದೆ. ಆಗ ಅದು ದಿಗಂತಕ್ಕಿಂತ ಆಕಾಶದ ಕಡೆಗೇ ಹೆಚ್ಚು ಕಿವಿಗೊಡುತ್ತದೆ ಎಂಬುದೊಂದೇ ಕೊರತೆ. ಎರಡು ಹ್ಯಾಮ್ ಬ್ಯಾಂಡ್‌ಗಳಿಗೆ ಒಂದೇ ಕಡ್ಡಿ ಸಾಕೆಂದಾದ ಮೇಲೆ ಡಿಸ್ಕೋನ್ ಏಕೆ?

ಇಂಥ ಕಾಲು ತರಂಗದ ಆಂಟೆನಾವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ, ನಾಲ್ಕು ಮೂಲೆಗೂ ತೂತಿರುವ ಚೌಕದ ಎಸ್‌ಒ-239 ಕನೆಕ್ಟರ್ ಸಿಗುತ್ತದೆ. ಒಳಗಿನ ನಿರೋಧಕ ಬಿಳಿ ಟೆಫ್ಲಾನ್ ಇರುವುದನ್ನೇ ಕೇಳಿ ತನ್ನಿ. ಅಗ್ಗದ ಪ್ಲಾಸ್ಟಿಕ್ ಬೆಸುಗೆಯ ಬಿಸಿಗೆ ಕರಗಿ ನಡುವಿನ ಪಿನ್ ವಾಲುತ್ತದೆ. 2ರಿಂದ 3 ಮಿ.ಮೀ. ದಪ್ಪದ ತಾಮ್ರ ಅಥವಾ ಹಿತ್ತಾಳೆಯ ಕಡ್ಡಿ ಬೇಕು. ಒಂದನ್ನು 49 ಸೆಂ.ಮೀ.ಗೆ ಕತ್ತರಿಸಿ ನಡುವಿನ ಪಿನ್‌ಗೆ ನೆಟ್ಟಗೆ ಬೆಸೆಯಿರಿ. ಉಳಿದ ನಾಲ್ಕನ್ನು 52 ಸೆಂ.ಮೀ.ಗೆ ಕತ್ತರಿಸಿ, ತುದಿಯನ್ನು ಉಂಗುರದಂತೆ ಬಗ್ಗಿಸಿ, 3 ಮಿ.ಮೀ. ಬೋಲ್ಟಿನಿಂದ ಮೂಲೆಗಳಿಗೆ ಬಿಗಿದು 45 ಡಿಗ್ರಿ ಕೆಳಕ್ಕೆ ಇಳಿಬಿಡಿ. ಇಳಿಬಿಡುವುದು ಅಂದಕ್ಕಲ್ಲ. ಅಡ್ಡಕ್ಕೆ ನೇರ ಚಾಚಿದರೆ ಆಂಟೆನಾದ ರೋಧ 36 ಓಮ್ ಆಸುಪಾಸು ನಿಲ್ಲುತ್ತದೆ, ಇಳಿಬಿಟ್ಟಾಗ ಸ್ಕ್ಯಾನರ್‌ಗೆ ಹೊಂದುವ 50ರ ಹತ್ತಿರ ಬರುತ್ತದೆ. ಕೇಳುವುದಕ್ಕಷ್ಟೇ ಆದರೆ ಅರ್ಧ ಸೆಂ.ಮೀ. ಹೆಚ್ಚುಕಮ್ಮಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಬೆಸುಗೆಯಲ್ಲೇ ಹೆಚ್ಚಿನವರು ಎಡವುವುದು. ಇಷ್ಟು ದಪ್ಪದ ಕಡ್ಡಿಯನ್ನು 25 ವಾಟ್‌ನ ಪುಟ್ಟ ಸೋಲ್ಡರಿಂಗ್ ಐರನ್ ಬಿಸಿ ಮಾಡಲಾರದು. ಸೀಸ ಮೇಲೆ ಮಣಿಯಾಗಿ ಕೂತಿರುತ್ತದೆ, ಒಳಗೆ ಹಿಡಿದಿರುವುದಿಲ್ಲ. ಮೊದಲ ಗಾಳಿಗೇ ಕಡ್ಡಿ ಅಲ್ಲಾಡತೊಡಗುತ್ತದೆ. 60 ವಾಟ್‌ಗೆ ಕಡಿಮೆಯದ್ದು ಬೇಡ, ಕಡ್ಡಿಯ ತುದಿಯನ್ನು ಮರಳು ಕಾಗದದಿಂದ ಉಜ್ಜಿ ಹೊಳಪು ಬಂದ ಮೇಲೆಯೇ ಕೆಲಸ ಶುರು ಮಾಡಿ. ಮಳೆನೀರು ಇಳಿಯದಂತೆ ಸಿಲಿಕೋನ್ ಹಚ್ಚುವವರು ಟ್ಯೂಬನ್ನು ಒಮ್ಮೆ ಮೂಸಿ ನೋಡಲಿ: ವಿನೆಗರ್ ವಾಸನೆ ಬಂದರೆ ಅದರ ಆಮ್ಲ ತಾಮ್ರವನ್ನು ತಿಂದು ಹಸಿರು ಮಾಡುತ್ತದೆ. ಅಂಗಡಿಯಲ್ಲಿ ನ್ಯೂಟ್ರಲ್ ಸಿಲಿಕೋನ್ ಎಂದು ಕೇಳಬೇಕು. ಹೊರಚಾಚಿದ ಕಡ್ಡಿಗಳ ತುದಿಯನ್ನೂ ಸುರುಳಿ ಸುತ್ತಿಬಿಡಿ; ತಾರಸಿಯಲ್ಲಿ ಬಟ್ಟೆ ಒಣಹಾಕುವವರ ಕಣ್ಣು ಉಳಿಯುತ್ತದೆ.

ಇನ್ನು ಎತ್ತರ. ಈ ತರಂಗಗಳು ಹೆಚ್ಚುಕಮ್ಮಿ ನೇರ ಹೋಗುವಂಥವು. ಆಂಟೆನಾದ ಎತ್ತರವನ್ನು ಮೀಟರ್‌ನಲ್ಲಿ ಹಿಡಿದು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೊ ದಿಗಂತ ಕಿಲೋಮೀಟರ್‌ನಲ್ಲಿ ಸಿಗುತ್ತದೆ. 4 ಮೀಟರ್ ಎತ್ತರದ ಕಿಟಕಿಗೆ ಸುಮಾರು 8 ಕಿ.ಮೀ., ತಾರಸಿಯ ಮೇಲೆ 16 ಮೀಟರ್‌ಗೆ ಏರಿಸಿದರೆ ಹದಿನಾರೂವರೆ. ಎದುರಿನ ನಿಲ್ದಾಣದ ದಿಗಂತವನ್ನೂ ಇದಕ್ಕೆ ಕೂಡಿಸಬೇಕು: ಸುತ್ತಲಿನ ನೆಲಕ್ಕಿಂತ 400 ಮೀಟರ್ ಮೇಲಿರುವ ಬೆಟ್ಟದ ರಿಪೀಟರ್ (ಬಂದ ಸಂಕೇತವನ್ನು ಹಿಡಿದು ಮತ್ತೆ ಜೋರಾಗಿ ಪ್ರಸಾರ ಮಾಡುವ ನಿಲ್ದಾಣ) ತನ್ನ ಪಾಲಿಗೆ 82 ಕಿ.ಮೀ. ತರುತ್ತದೆ. ಬಯಲುಸೀಮೆಯಲ್ಲಿ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ. ಮಲೆನಾಡಿನಲ್ಲಿ ಎದುರಿಗೆ ಗುಡ್ಡ ನಿಂತಿದ್ದರೆ ಲೆಕ್ಕ ಪುಸ್ತಕದಲ್ಲೇ ಉಳಿಯುತ್ತದೆ. ಕಡ್ಡಿ ನೆಟ್ಟಗೇ ನಿಲ್ಲಬೇಕು. ರಿಪೀಟರ್‌ಗಳ ತರಂಗ ಲಂಬವಾಗಿರುತ್ತದೆ, ದೂರದರ್ಶನದ ಹಳೆಯ ಯಾಗಿ ಆಂಟೆನಾದಂತೆ ಮಲಗಿಸಿದರೆ 20 ಡೆಸಿಬೆಲ್‌ವರೆಗೂ, ಅಂದರೆ ಶಕ್ತಿ ನೂರರಲ್ಲಿ ಒಂದು ಪಾಲಿಗೆ ಇಳಿಯುವಷ್ಟು, ನಷ್ಟ.

ಎತ್ತರಕ್ಕೆ ಏರಿಸಿ ಗಳಿಸಿದ್ದನ್ನು ಕೇಬಲ್ ನುಂಗಿಹಾಕುತ್ತದೆ, ಇದನ್ನು ಆ ಲೇಖನ ಮುಟ್ಟಿಯೇ ಇಲ್ಲ. ತೆಳ್ಳಗಿನ ಆರ್‌ಜಿ-58 ಕೇಬಲ್ 20 ಮೀಟರ್ ಎಳೆದರೆ 145 ಮೆಗಾಹರ್ಟ್ಸ್‌ನಲ್ಲಿ ಸುಮಾರು 4 ಡೆಸಿಬೆಲ್ ಹೋಯಿತು. ಅಂದರೆ ಆಂಟೆನಾ ಹಿಡಿದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ದಾರಿಯಲ್ಲೇ ಬಿಸಿಯಾಗಿ ಮುಗಿಯುತ್ತದೆ. 435ರಲ್ಲಿ ಏಳೆಂಟು ಡೆಸಿಬೆಲ್. ಕೆಳಗೆ ಬರುವುದು ಐದಾರರಲ್ಲಿ ಒಂದು ಪಾಲು. ಅದೇ ಉದ್ದಕ್ಕೆ ಡಿಶ್ ಟಿ.ವಿ.ಗೆ ಹಾಕುವ ಆರ್‌ಜಿ-6 ಕೇಬಲ್‌ನಲ್ಲಿ 145ಕ್ಕೆ 2 ಡೆಸಿಬೆಲ್‌ಗೂ ಕಡಿಮೆ, 435ಕ್ಕೆ 3ರ ಆಸುಪಾಸು. ಬೀದಿಬೀದಿಯಲ್ಲೂ ಸಿಗುತ್ತದೆ, ಬೆಲೆಯೂ ಹೆಚ್ಚಲ್ಲ. ಅದು 75 ಓಮ್, ಸ್ಕ್ಯಾನರ್ 50 ಓಮ್, ಹೊಂದುವುದಿಲ್ಲ ಎಂದು ಅಂಗಡಿಯವರು ಹೆದರಿಸುತ್ತಾರೆ. ಈ ಹೊಂದಾಣಿಕೆಯ ಕೊರತೆಯಿಂದ ಒಂದೊಂದು ಜೋಡಣೆಯಲ್ಲಿ ಆಗುವ ನಷ್ಟ 0.2 ಡೆಸಿಬೆಲ್ ಕೂಡ ಮುಟ್ಟುವುದಿಲ್ಲ. ಮುಂದೆ ಹ್ಯಾಮ್ ಪರವಾನಗಿಯ ಪರೀಕ್ಷೆ ಬರೆದು ಪ್ರಸಾರ ಮಾಡಲು ಹೊರಟಾಗ ಮಾತ್ರ 50 ಓಮ್‌ನದಕ್ಕೆ ಬದಲಿಸಿಕೊಳ್ಳಿ.

ಆರ್‌ಜಿ-6ರ ನಡುವಿನ ತಂತಿ ತಾಮ್ರ ಲೇಪಿಸಿದ ಉಕ್ಕು ಎಂದು ಗೊಣಗಬೇಕಿಲ್ಲ. ಈ ತರಂಗಾಂತರಗಳಲ್ಲಿ ವಿದ್ಯುತ್ ಹರಿಯುವುದು ಮೇಲ್ಮೈಯಲ್ಲೇ. ತೊಂದರೆ ಇರುವುದು ಹೊರ ಹೆಣಿಗೆಯಲ್ಲಿ. ಅದು ಅಲ್ಯೂಮಿನಿಯಂ, ಬೆಸುಗೆ ಹಿಡಿಯದು. ತಿರುಪಿ ಹಾಕುವ ಎಫ್ ಕನೆಕ್ಟರ್ ವರ್ಷದೊಳಗೆ ಸಡಿಲವಾಗುತ್ತದೆ. ಒತ್ತಿ ಕೂರಿಸುವ ಕಂಪ್ರೆಷನ್ ಬಗೆಯದನ್ನು ಡಿಶ್ ಹಾಕುವ ಹುಡುಗರಿಂದಲೇ ಹಾಕಿಸಿ. ಮೇಲ್ಗಡೆ ಎಫ್‌ನಿಂದ ಎಸ್‌ಒ-239ಕ್ಕೆ ಕೂರುವ ಪಿಎಲ್-259ಕ್ಕೆ, ಕೆಳಗಡೆ ಸ್ಕ್ಯಾನರ್‌ಗೆ ತಕ್ಕಂತೆ ಬಿಎನ್‌ಸಿ ಅಥವಾ ಎಸ್‌ಎಂಎ ಅಡಾಪ್ಟರ್. ಮೇಲಿನ ಜೋಡಣೆಗೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಎಳೆದು ಸುತ್ತಿ, ಅದರ ಮೇಲೆ ಮಾಮೂಲಿ ಟೇಪ್ ಸುತ್ತಬೇಕು. ಬರೀ ಇನ್ಸುಲೇಷನ್ ಟೇಪ್ ಒಂದು ಬೇಸಿಗೆಗೆ ಅಂಟು ಬಿಟ್ಟು, ಮುಂದಿನ ಮಳೆಗೆ ನೀರನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಕೇಬಲ್ ಮನೆಯೊಳಗೆ ಬರುವ ಕಡೆ ತೂತಿಗಿಂತ ಕೆಳಕ್ಕೆ ಒಂದು ಇಳಿಬಾಗು ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಈಗ ಡಿಸ್ಕೋನ್, ಆಂಪ್ಲಿಫೈಯರ್ ಜೋಡಿಗೆ ಬರೋಣ. ಡಿಸ್ಕೋನ್ ಕೆಟ್ಟ ಆಂಟೆನಾ ಅಲ್ಲ. ನಿಜಕ್ಕೂ ಹತ್ತಾರು ಬ್ಯಾಂಡ್ ತಿರುಗಿಸಿ ನೋಡುವವರಿಗೆ ಅದೇ ಸರಿ. ಆದರೆ ಅದರ ಗಳಿಕೆ ಎರಡು ಕಡ್ಡಿಯ ಸಾದಾ ಡೈಪೋಲ್ ಆಂಟೆನಾದಷ್ಟೇ, ಮೇಲಿನ ತರಂಗಾಂತರಗಳಲ್ಲಿ ದಿಗಂತದ ಕಡೆ ಅದಕ್ಕೂ ಕಡಿಮೆ. ಊರಿನ ಎಫ್‌ಎಂ ಕೇಂದ್ರಗಳನ್ನೂ ಅದು ಅಷ್ಟೇ ಪ್ರೀತಿಯಿಂದ ಹಿಡಿದು ಕೆಳಗೆ ಕಳಿಸುತ್ತದೆ. ಕಿಲೋವಾಟ್‌ಗಟ್ಟಲೆ ಶಕ್ತಿಯ ಆ ಕೇಂದ್ರಗಳ ಮುಂದೆ ಕಂಪ್ಯೂಟರ್‌ಗೆ ಸಿಕ್ಕಿಸಿ ರಿಸೀವರ್ ಆಗಿ ಬಳಸುವ ಅಗ್ಗದ ಯುಎಸ್‌ಬಿ ಡಾಂಗಲ್ ತತ್ತರಿಸುತ್ತದೆ: ಇಲ್ಲದ ಜಾಗದಲ್ಲಿ ಸಿನಿಮಾ ಹಾಡು ಕೇಳಿಸುತ್ತದೆ, ದುರ್ಬಲ ಸಂಕೇತಗಳು ಮಾಯವಾಗುತ್ತವೆ. ನಡುವೆ ಆಂಪ್ಲಿಫೈಯರ್ ಬೇರೆ ಇದ್ದರೆ ಉರಿಯುವ ಬೆಂಕಿಗೆ ತುಪ್ಪ.

ಪರೀಕ್ಷೆ ಸುಲಭ. ಕೇಬಲ್‌ಗೂ ಸ್ಕ್ಯಾನರ್‌ಗೂ ನಡುವೆ ಸಂಕೇತವನ್ನು 10 ಡೆಸಿಬೆಲ್ ತಗ್ಗಿಸುವ ಅಟೆನ್ಯುಯೇಟರ್ ಹಾಕಿ. ನಿಜವಾದ ಸಂಕೇತ 10 ಡೆಸಿಬೆಲ್ ಮಾತ್ರ ಇಳಿಯುತ್ತದೆ. ಜೋರಾದ ಕೇಂದ್ರಗಳು ಬೆರೆತು ರಿಸೀವರ್ ಒಳಗೇ ಹುಟ್ಟಿದ ಸುಳ್ಳು ಸಂಕೇತ (ಮೂರನೇ ದರ್ಜೆಯ ಬೆರಕೆ) 30 ಡೆಸಿಬೆಲ್ ಇಳಿದು ಕಾಣದಾಗುತ್ತದೆ. ಹಾಗಾದರೆ ಬೇಕಿರುವುದು ಆಂಪ್ಲಿಫೈಯರ್ ಅಲ್ಲ, 88–108 ಮೆಗಾಹರ್ಟ್ಸ್ ತಡೆಯುವ ಎಫ್‌ಎಂ ಫಿಲ್ಟರ್. ಉದ್ದ ಕೇಬಲ್‌ನಿಂದಾಗಿ 435ರಲ್ಲಿ ಆಂಪ್ಲಿಫೈಯರ್ ಬೇಕೇ ಬೇಕೆಂದಾದರೆ ಅದು ಆಂಟೆನಾದ ಬುಡದಲ್ಲಿರಬೇಕು, ಫಿಲ್ಟರ್ ಅದಕ್ಕೂ ಮುಂಚೆ. ಸ್ಕ್ಯಾನರ್ ಪಕ್ಕ ಇಟ್ಟರೆ ಕೇಬಲ್ ಕಳೆದದ್ದು ಮರಳಿ ಬರುವುದಿಲ್ಲ. ಸಂಕೇತದ ಜೊತೆ ಗದ್ದಲವೂ ಅಷ್ಟೇ ದೊಡ್ಡದಾಗುತ್ತದೆ.

ಗದ್ದಲ ಮನೆಯದ್ದೇ ಇರಬಹುದು. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್ ಎಲ್ಲವೂ ಶಂಕಿತರೇ. ಸ್ಕ್ಯಾನರನ್ನು ಬ್ಯಾಟರಿಯಲ್ಲಿ ನಡೆಸಿ, ಇನ್ವರ್ಟರನ್ನೂ ಮನೆಯ ಮೇನ್ ಸ್ವಿಚ್ಚನ್ನೂ ಆರಿಸಿ ಕೇಳಿದರೆ ಗೊತ್ತಾಗುತ್ತದೆ.

ಹವಾಮಾನ ಉಪಗ್ರಹದ ಚಿತ್ರ ಬೇಕಾದವರಿಗೆ ಮೇಲಿನ ಆಂಟೆನಾ ಆಗದು. ನೆತ್ತಿಯ ಮೇಲಿಂದ ಬರುವುದನ್ನು ನೆಟ್ಟಗಿನ ಕಡ್ಡಿ ಕೇಳುವುದಿಲ್ಲ. 53 ಸೆಂ.ಮೀ.ನ ಎರಡು ಕಡ್ಡಿಗಳನ್ನು 120 ಡಿಗ್ರಿ ಕೋನದಲ್ಲಿ ನೆಲಕ್ಕೆ ಸಮಾನಾಂತರವಾಗಿ ಹಿಡಿಸಿ, ಒಂದಕ್ಕೆ ಕೇಬಲ್‌ನ ನಡುತಂತಿ, ಇನ್ನೊಂದಕ್ಕೆ ಹೆಣಿಗೆ ಸೇರಿಸಿ, ಕೋನದ ಬಾಯಿ ಉತ್ತರಕ್ಕೋ ದಕ್ಷಿಣಕ್ಕೋ ಇರಲಿ. ಇದಕ್ಕೆ ಎತ್ತರ ಬೇಡ, ತೆರೆದ ಆಕಾಶ ಬೇಕು. ಅಮೆರಿಕದ ನೋವಾ 15, 18, 19 ಉಪಗ್ರಹಗಳು 2025ರಲ್ಲಿ ನಿವೃತ್ತವಾದ್ದರಿಂದ ಹಳೆಯ ವಿಡಿಯೊಗಳ ಮಾತು ನಂಬಿ ಅವಕ್ಕೆ ಕಾಯಬೇಡಿ. ರಷ್ಯಾದ ಮೀಟಿಯೋರ್ ಸರಣಿಯವು 137.9ರ ಸುತ್ತ ಸಿಗುತ್ತವೆ.

ತಾರಸಿ ಹತ್ತಲು ಬಿಡದ ಬಾಡಿಗೆ ಮನೆಯವರು ಆಯಸ್ಕಾಂತದ ತಳದ ಆಂಟೆನಾವನ್ನು ಕಿಟಕಿಯ ಬಳಿ ಕಬ್ಬಿಣದ ಬೀರುವಿನ ಮೇಲೆ ಕೂರಿಸಬಹುದು. ತಳಕ್ಕೆ ಲೋಹ ಸಿಗದಿದ್ದರೆ ಅದು ಅರ್ಧ ಆಂಟೆನಾ ಮಾತ್ರ. ಕರಾವಳಿ, ಮಲೆನಾಡಿನ ಮಂಗಳೂರು ಹೆಂಚಿನ ಮನೆಯವರು ಪುಣ್ಯವಂತರು. ಹೆಂಚು ಈ ತರಂಗಗಳನ್ನು ತಡೆಯುವುದಿಲ್ಲ, ಹಾಗಾಗಿ ಆಂಟೆನಾ ಅಟ್ಟದಲ್ಲೇ ಮಳೆಗೂ ಮಂಗಗಳಿಗೂ ಸಿಗದೆ ಇರಬಹುದು. ತಗಡಿನ ಮಾಡಿನ ಕೆಳಗೆ ಇದು ನಡೆಯದು.

ಹೊರಗೆ ಕಂಬ ನಿಲ್ಲಿಸುವವರು ಏಪ್ರಿಲ್–ಮೇ ತಿಂಗಳ ಸಿಡಿಲನ್ನು ನೆನಪಿನಲ್ಲಿಡಬೇಕು. ಜಿಐ ಪೈಪಿನ ಬುಡದಿಂದ ದಪ್ಪ ತಾಮ್ರದ ತಂತಿಯನ್ನು ಸುತ್ತುಬಳಸು ಇಲ್ಲದೆ ನೆಲಕ್ಕಿಳಿಸಿ, ಮನೆಯ ಅರ್ಥಿಂಗ್‌ಗೂ ಜೋಡಿಸಿರಬೇಕು. ಮೋಡ ಕವಿಯತೊಡಗಿದಾಗಲೇ, ಗುಡುಗು ಕೇಳಿಸುವ ಮುಂಚೆಯೇ, ಕೇಬಲ್ ಬಿಚ್ಚಿ ಕಿಟಕಿಯ ಹೊರಗೆ ಹಾಕಿ. ಬಿಚ್ಚಿ ಮೇಜಿನ ಮೇಲೆ ಸುತ್ತಿಟ್ಟರೆ ಸಿಡಿಲನ್ನು ಒಳಗೆ ಕರೆದಂತೆ. ಕಂಬ ಯಾವ ಕಡೆ ಉರುಳಿದರೂ ವಿದ್ಯುತ್ ತಂತಿಗೆ ತಾಗಬಾರದು, ಅದಕ್ಕಾಗಿ ಕಂಬದ ಎತ್ತರದ ಒಂದೂವರೆ ಪಟ್ಟು ದೂರ ಬಿಡಿ. ಅಷ್ಟು ಜಾಗ ಇಲ್ಲದ ಮನೆಯಲ್ಲಿ ಕಂಬದ ಯೋಚನೆ ಬಿಟ್ಟು ಬೀರುವಿನ ಮೇಲಿನ ಆಂಟೆನಾದಲ್ಲೇ ಕೇಳಿ.

— ಹವ್ಯಾಸಿ ರೇಡಿಯೊ ಓದುಗ, ಶಿವಮೊಗ್ಗ