ಲೋಳೆಮೀನು ಸಮುದ್ರದ್ದಷ್ಟೇ ಅಲ್ಲ, ಕೃಷ್ಣೆಯದೂ ಹೌದು

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಮಕ್ಕಳ ಪುಟದಲ್ಲಿ ಕಳೆದ ವಾರ ಲೋಳೆಮೀನಿನ (ಜೆಲ್ಲಿಫಿಶ್) ಕುರಿತು ಬಂದ ಕಿರುಬರಹವನ್ನು ನನ್ನ ಮೊಮ್ಮಗಳು ಜೋರಾಗಿ ಓದಿ ಹೇಳಿದಳು. ಚಿತ್ರ ಚೆನ್ನಾಗಿತ್ತು, ಭಾಷೆಯೂ ತಿಳಿಯಾಗಿತ್ತು. ಆದರೆ ಅದು ಸಮುದ್ರದಲ್ಲಿ ಮಾತ್ರ ಬದುಕುವ ಒಂದು ಬಗೆಯ ಮೀನು ಎಂಬ ಮಾತು ಅದರಲ್ಲಿ ಬಂದಿದ್ದರಿಂದ, ಮೂವತ್ತು ವರ್ಷ ಪದವಿಪೂರ್ವ ತರಗತಿಗಳಿಗೆ ಪ್ರಾಣಿಶಾಸ್ತ್ರ ಪಾಠ ಹೇಳಿ ಈಗ ಸುರಪುರದಲ್ಲಿ ನೆಲೆಸಿರುವ ನಾನು ಈ ಪತ್ರ ಬರೆಯಬೇಕಾಯಿತು. ನಮ್ಮ ಸಗರನಾಡಿಗೂ ಸಾಗರಕ್ಕೂ ಬರೆಯುವಾಗ ಒಂದು ದೀರ್ಘದಷ್ಟೇ ಅಂತರ, ನಡೆದು ಹೋದರೆ ಮಾತ್ರ ದಿನಗಟ್ಟಲೆ ದಾರಿ. ಹಾಗಾಗಿ ಈ ಪ್ರಾಣಿಗೂ ತಮಗೂ ಸಂಬಂಧವಿಲ್ಲವೆಂದು ನಮ್ಮ ಕಡೆಯ ಮಕ್ಕಳು ತಿಳಿಯುವುದು ಸಹಜ. ಆ ತಿಳಿವಳಿಕೆ ತಪ್ಪು.

ತಿಂಥಣಿಯ ಮೌನೇಶ್ವರನ ಮುಂದೆ ಹರಿಯುವ ಕೃಷ್ಣೆ ಮಹಾಬಳೇಶ್ವರದಲ್ಲಿ ಹುಟ್ಟುತ್ತದೆಯೆಂದು ಎಲ್ಲರಿಗೂ ಗೊತ್ತು. ಅದೇ ಘಟ್ಟದ ಸಾಲಿನಿಂದ ಇಳಿದು ಬಂದು ವೆಣ್ಣಾ ಸಾತಾರೆಯ ಬಳಿ, ಕೊಯ್ನಾ ಕರಾಡದಲ್ಲಿ ಕೃಷ್ಣೆಯನ್ನು ಸೇರುತ್ತವೆ. ಈ ಉಪನದಿಗಳಲ್ಲಿ ಸಿಹಿನೀರಿನ ಲೋಳೆಮೀನುಗಳನ್ನು ಕಂಡವರು ಶಂಕರ ಪುರುಷೋತ್ತಮ ಆಘಾರಕರ್. ಮುಂದೆ ಅವರು ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ ಹೆಸರು ಮಾಡಿದರು, ಪುಣೆಯ ಸಂಶೋಧನಾ ಸಂಸ್ಥೆಯೊಂದು ಇಂದು ಅವರ ಹೆಸರಿನಲ್ಲಿದೆ. ಅವರು ತಂದ ಪ್ರಾಣಿಯನ್ನು ಕಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿದ್ದ ನೆಲ್ಸನ್ ಅನ್ನಂಡೇಲ್ ಪರೀಕ್ಷಿಸಿ, 1911-12ರ ಅವಧಿಯಲ್ಲಿ ಅದನ್ನು ಲಿಮ್ನೋಕ್ನಿಡಾ ಇಂಡಿಕಾ ಎಂಬ ಹೊಸ ಪ್ರಭೇದವೆಂದು ವಿವರಿಸಿದರು. 1916ರಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ಸ್ಥಾಪನೆಯಾದಾಗ ಅದರ ಮೊದಲ ನಿರ್ದೇಶಕರಾದವರೂ ಇದೇ ಅನ್ನಂಡೇಲ್.

ಆ ಹೆಸರಿನ ಮೊದಲ ಭಾಗ ನನಗೆ ಎರಡನೆಯದಕ್ಕಿಂತ ಹೆಚ್ಚು ಕುತೂಹಲದ್ದಾಗಿ ಕಾಣುತ್ತದೆ. ಲಿಮ್ನೋಕ್ನಿಡಾ ಎಂಬ ಕುಲ ಅಲ್ಲಿಯವರೆಗೆ ಆಫ್ರಿಕಾದ್ದೆಂದೇ ತಿಳಿಯಲಾಗಿತ್ತು. 1883ರಲ್ಲಿ ಟಾಂಗನ್ಯೀಕ ಸರೋವರದಲ್ಲಿ ಅದನ್ನು ಮೊದಲು ಕಂಡಾಗ, ಸಿಹಿನೀರಿನಲ್ಲಿ ಲೋಳೆಮೀನು ಇದೆಯೆಂದರೆ ಆ ಸರೋವರ ಹಿಂದೊಮ್ಮೆ ಸಮುದ್ರದ ತುಂಡಾಗಿದ್ದಿರಲೇಬೇಕೆಂದು ವಾದಿಸಿದ ವಿದ್ವಾಂಸರಿದ್ದರು. ಬಳಿಕ ವಿಕ್ಟೋರಿಯಾ ಸರೋವರದಲ್ಲೂ ನೈಜರ್ ನದಿಯಲ್ಲೂ ಅದು ಸಿಕ್ಕಿತು. ಕೊನೆಗೆ ನಮ್ಮ ಕೃಷ್ಣೆಯ ಕಣಿವೆಯಲ್ಲೂ ಅದರ ಬಂಧು ಕಾಣಿಸಿದ ಮೇಲೆ, ಎಲ್ಲಿ ಲೋಳೆಮೀನೋ ಅಲ್ಲಿ ಹಳೆಯ ಸಮುದ್ರ ಎಂಬ ವಾದಕ್ಕೆ ನಿಲ್ಲಲು ನೆಲ ಉಳಿಯಲಿಲ್ಲ. ನಮ್ಮ ಮನೆಗಳ ಕೆಳಗಿನ ಶಾಹಾಬಾದಿನ ಫರಸಿ ಕಲ್ಲು ನಿಜವಾಗಿಯೂ ಹಳೆಯ ಕಡಲಿನ ತಳದ ಕೆಸರು, ಆದರೆ ಆ ಕಡಲಿಗೂ ಇಂದಿನ ಕೃಷ್ಣೆಯ ಈ ಜೀವಿಗೂ ಗಂಟು ಹಾಕುವ ಅಗತ್ಯವಿಲ್ಲ.

ಇನ್ನು ಇದು ಮೀನೇ ಎಂಬ ಪ್ರಶ್ನೆ. ಬೆನ್ನೆಲುಬು, ಕಿವಿರು, ಹೃದಯ, ಮಿದುಳು ಇವುಗಳಲ್ಲಿ ಒಂದೂ ಇಲ್ಲದ, ಮೈಯ ತೂಕದಲ್ಲಿ ಸುಮಾರು 95 ಪಾಲು ನೀರೇ ಆಗಿರುವ ಪ್ರಾಣಿಯನ್ನು ಮೀನೆನ್ನುವುದು ರೂಢಿಯ ಮಾತಷ್ಟೆ. ನಕ್ಷತ್ರಮೀನಿನ ಹೆಸರೂ ಹೀಗೆಯೇ ಬಂದದ್ದು, ಅದನ್ನು ಬದಲಿಸಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಲೋಳೆಮೀನು ಒಂದೇ ಪ್ರಾಣಿಯೆಂದು ಬರೆಯುವುದು ಮಾತ್ರ ಅದಕ್ಕಿಂತ ದೊಡ್ಡ ತಪ್ಪು. ಹವಳ, ಕಡಲ ಹೂವು, ಹೈಡ್ರಾ ಇವೆಲ್ಲ ಸೇರುವ ನಿಡೇರಿಯಾ ಎಂಬ ವಂಶದಲ್ಲಿ, ಕುಟುಕು ಕೋಶಗಳುಳ್ಳ ಪ್ರಾಣಿಗಳ ನಡುವೆ, ಛತ್ರಿಯಾಕಾರದ ದೇಹ ತಾಳುವ ಗುಂಪುಗಳು ಹಲವಿವೆ. ಸೈಫೋಜೋವಾ ವರ್ಗದವನ್ನು ನಿಜವಾದ ಲೋಳೆಮೀನುಗಳೆಂದು ಕರೆಯುವ ರೂಢಿಯಿದೆ, ಅವು ಸುಮಾರು 200 ಪ್ರಭೇದ. ನಾಲ್ಕು ಮೂಲೆಗಳ ಪೆಟ್ಟಿಗೆಯಂಥ ಮೈಯ ಕ್ಯೂಬೋಜೋವಾ ಸುಮಾರು 50. ಛತ್ರಿಯನ್ನು ತಲೆಕೆಳಗು ಮಾಡಿ ಕಾಂಡದಿಂದ ಪಾಚಿಗೆ ಅಂಟಿಕೊಂಡು ಕೂರುವ ಸ್ಟಾರೋಜೋವಾ ಕೂಡ ಹೆಚ್ಚುಕಡಿಮೆ ಅಷ್ಟೇ, ಅವು ಬಹುಪಾಲು ತಣ್ಣೀರಿನ ಕಡಲುಗಳವು. ಹೈಡ್ರೋಜೋವಾ ವರ್ಗವೊಂದರಲ್ಲೇ 3,500ಕ್ಕೂ ಹೆಚ್ಚು ಪ್ರಭೇದಗಳಿವೆ, ಅವುಗಳಲ್ಲಿ ಎಲ್ಲವೂ ಛತ್ರಿಯ ರೂಪಕ್ಕೆ ಬರುವುದಿಲ್ಲ. ಕೃಷ್ಣೆಯ ಲಿಮ್ನೋಕ್ನಿಡಾ ಸೇರುವುದು ಈ ಕೊನೆಯ ವರ್ಗಕ್ಕೆ. ಅಂದರೆ ಅದು ಚಿತ್ರದಲ್ಲಿದ್ದ ಕಡಲ ಲೋಳೆಮೀನಿಗಿಂತ, ನಮ್ಮ ಕಾಲೇಜುಗಳ ಪ್ರಯೋಗಶಾಲೆಯಲ್ಲಿ ಗಾಜಿನ ಪಟ್ಟಿಯ ಮೇಲೆ ತೋರಿಸುವ ಹೈಡ್ರಾಕ್ಕೆ ಹತ್ತಿರದ ನೆಂಟ.

ಈ ವರ್ಗೀಕರಣ ಸುಲಭವಾಗಿ ಆಗಲಿಲ್ಲ. ಅದಕ್ಕೆ ಕಾರಣ ಈ ಪ್ರಾಣಿಗಳ ಬಾಳ್ವೆಯ ಕ್ರಮದಲ್ಲೇ ಇದೆ. ಮೊಟ್ಟೆಯಿಂದ ಹೊರಟ ಮರಿ ನೇರವಾಗಿ ಛತ್ರಿಯಾಗುವುದು ಅಪರೂಪ, ಅದು ಕಲ್ಲಿಗೋ ಚಿಪ್ಪಿಗೋ ಅಂಟಿ ಪಾಲಿಪ್ ಎಂಬ ಸಣ್ಣ ಕಾಂಡದ ರೂಪ ತಾಳುತ್ತದೆ. ಸೈಫೋಜೋವಾದಲ್ಲಿ ಆ ಪಾಲಿಪ್ ಅಡ್ಡಡ್ಡವಾಗಿ ಸೀಳಿಕೊಂಡು, ಬುಟ್ಟಿಯಲ್ಲಿ ಜೋಳದ ರೊಟ್ಟಿ ಪೇರಿಸಿಟ್ಟಂತೆ ಬಿಲ್ಲೆಯ ಮೇಲೆ ಬಿಲ್ಲೆಯಾಗುತ್ತದೆ. ಮೇಲಿನ ಬಿಲ್ಲೆ ಒಂದೊಂದಾಗಿ ಬಿಡಿಸಿಕೊಂಡು ಈಜುತ್ತ ಹೋಗಿ ಛತ್ರಿಯಾಗಿ ಬೆಳೆಯುತ್ತದೆ. ನಾರ್ವೆಯ ಮಿಕೇಲ್ ಸಾರ್ಸ್ 1829ರಲ್ಲಿ ಈ ಹಂತಗಳನ್ನು ನೋಡಿ ಬೇರೆ ಬೇರೆ ಪ್ರಾಣಿಗಳೆಂದು ಬೇರೆ ಬೇರೆ ಹೆಸರಿಟ್ಟರು. ಹನ್ನೆರಡು ವರ್ಷ ಬಿಡದೆ ಗಮನಿಸಿದ ಮೇಲೆ ಅವೆಲ್ಲ ಒಂದೇ ಪ್ರಾಣಿಯ ಅವಸ್ಥೆಗಳೆಂದು ತಾವೇ ತೋರಿಸಿಕೊಟ್ಟರು. ತಾವಿಟ್ಟ ಹೆಸರನ್ನು ತಾವೇ ಅಳಿಸುವ ಧೈರ್ಯ ವಿದ್ವಾಂಸರಲ್ಲಿ ಎಲ್ಲರಿಗೂ ಇರುವುದಿಲ್ಲ.

ಸಿಹಿನೀರಿನಲ್ಲೂ ಇದೇ ಗೊಂದಲವಾಗಿತ್ತು. 1880ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ತೋಟದಲ್ಲಿ, ದೊಡ್ಡ ತಾವರೆ ಬೆಳೆಸುವ ಬೆಚ್ಚನೆಯ ತೊಟ್ಟಿಯೊಂದರಲ್ಲಿ, ಪುಟ್ಟ ಲೋಳೆಮೀನುಗಳು ಕಂಡವು. ಇಂದು ಅವುಗಳ ಹೆಸರು ಕ್ರಾಸ್ಪೆಡಾಕಸ್ಟಾ ಸೋವರ್ಬಿ. ಐದು ವರ್ಷದ ಬಳಿಕ ಅಮೆರಿಕದ ಫಿಲಡೆಲ್ಫಿಯಾದ ಬಳಿ ಸಿಕ್ಕ ಒಂದು ಮಿಲಿಮೀಟರಿನಷ್ಟು ಪಾಲಿಪ್‌ಗೆ ಮೈಕ್ರೋಹೈಡ್ರಾ ಎಂದು ಪ್ರತ್ಯೇಕ ಹೆಸರು ಬಿತ್ತು. ಎರಡೂ ಒಂದೇ ಪ್ರಾಣಿಯ ಎರಡು ಮುಖಗಳೆಂದು ತಿಳಿಯಲು ಬಹುಕಾಲ ಹಿಡಿಯಿತು. ಚೀನಾದ ಯಾಂಗ್ಟ್ಸಿ ಕಣಿವೆ ಇದರ ತವರು, ಇಂದು ಅಂಟಾರ್ಕ್ಟಿಕಾ ಬಿಟ್ಟು ಉಳಿದೆಲ್ಲ ಖಂಡಗಳ ಕೆರೆ ಹಳ್ಳಗಳಲ್ಲಿ ಇದು ಕಾಣುತ್ತದೆ. ನೀರಗಿಡಗಳ ಬೇರಿಗೆ ಅಂಟಿಕೊಂಡೋ ಹಕ್ಕಿಯ ಕಾಲಿನ ಕೆಸರಿನಲ್ಲೋ ಸಾಗಬಲ್ಲ, ಒಣಗಿದರೂ ಸಾಯದ ಸಣ್ಣ ಗಂಟುಗಳನ್ನು ಇದರ ಪಾಲಿಪ್ ಮಾಡುವುದೇ ಈ ಹರಡುವಿಕೆಯ ಗುಟ್ಟು. ಒಂದು ಕೆರೆಗೆ ಒಂದೇ ಗಂಟು ಬಂದು ಬಿದ್ದರೂ ಸಾಕು, ಅದರಿಂದ ಕವಲೊಡೆದು ಸಾವಿರಾರು ಛತ್ರಿಗಳು ಹುಟ್ಟುತ್ತವೆ. ಆದ್ದರಿಂದಲೇ ಎಷ್ಟೋ ಕೆರೆಗಳಲ್ಲಿ ಹೆಣ್ಣುಗಳೇ ಹೆಣ್ಣು, ಇಲ್ಲವೇ ಗಂಡುಗಳೇ ಗಂಡು. ನೀರು ಬೆಚ್ಚಗಾದಾಗ ಕೆಲವು ವಾರ ಕಂಡು ಮರೆಯಾಗುವ, ಎರಡು ಸೆಂಟಿಮೀಟರು ದಾಟುವುದು ಅಪರೂಪವಾದ ಈ ಪಾರದರ್ಶಕ ಜೀವಿಯನ್ನು ನೋಡುವ ಕಣ್ಣಿದ್ದವರು ಮಾತ್ರ ನೋಡುತ್ತಾರೆ.

ಕಡಲಿನಲ್ಲಿ ಯಾವುದು ಎಲ್ಲಿದೆ ಎಂಬುದನ್ನು ನಿರ್ಧರಿಸುವುದು ನೀರಿನ ಬಿಸಿ, ಉಪ್ಪು, ಪ್ರವಾಹ ಮತ್ತು ಪಾಲಿಪ್ ಅಂಟಿಕೊಳ್ಳಲು ಸಿಗುವ ಗಟ್ಟಿ ನೆಲ. ಪೆಟ್ಟಿಗೆ ಲೋಳೆಮೀನುಗಳು ಹೆಚ್ಚಾಗಿ ಉಷ್ಣವಲಯದವು. ಎರಡು ಮೀಟರು ಮೀರಿ ಹರಡಬಲ್ಲ ಸಿಂಹಕೇಸರದ ಲೋಳೆಮೀನು ಉತ್ತರದ ತಂಪು ಕಡಲುಗಳದು. ನಮ್ಮ ದೇಶದ ಎರಡು ಕರೆಗಳಲ್ಲೂ ಒಂದೇ ಬಗೆಯವು ಇಲ್ಲ. ಕ್ರಾಂಬಿಯೋನೆಲ್ಲಾ ಎಂಬ ಒಂದೇ ಕುಲದಲ್ಲಿ ಓರ್ಸಿನಿ ಅರಬ್ಬೀ ಸಮುದ್ರದ ಕಡೆಯದಾದರೆ, ಅನ್ನಂಡೇಲಿ ಬಂಗಾಳ ಕೊಲ್ಲಿಯ ಕಡೆಯದು. ಆಂಧ್ರದ ಕರಾವಳಿಯಲ್ಲಿ ಎರಡನೆಯದನ್ನು ಬಲೆ ಹಾಕಿ ಹಿಡಿದು, ಉಪ್ಪು ಪಟಿಕ ಹಾಕಿ ಒಣಗಿಸಿ ಆಗ್ನೇಯ ಏಷ್ಯಾಕ್ಕೆ ಕಳಿಸುತ್ತಾರೆ. ಆ ಹೆಸರಿನ ಅನ್ನಂಡೇಲಿ ಯಾರೆಂದು ಓದುಗರಿಗೆ ಈಗ ಹೇಳಬೇಕಿಲ್ಲ. ಎಚ್.ಎಸ್. ರಾವ್ ಅವರು 1931ರಲ್ಲಿ ಅದನ್ನು ವಿವರಿಸುವಾಗ, ಕೃಷ್ಣೆಯ ಲೋಳೆಮೀನಿಗೆ ಹೆಸರಿಟ್ಟವರ ಹೆಸರನ್ನೇ ಇಟ್ಟರು.

ಈ ಎಲ್ಲೆಗಳು ಶಾಶ್ವತವೂ ಅಲ್ಲ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಕೆಂಪು ಸಮುದ್ರದ ಜೀವಿಗಳು ಮೆಡಿಟರೇನಿಯನ್ನಿಗೆ ದಾರಿ ಮಾಡಿಕೊಂಡವು. ಅವುಗಳಲ್ಲೊಂದಾದ ರೋಪಿಲೀಮಾ ಎಂಬ ಲೋಳೆಮೀನು 1970ರ ದಶಕದಿಂದ ಅಲ್ಲಿ ಹಿಂಡುಹಿಂಡಾಗಿ ಬೆಳೆದು, ಬಲೆ ಹರಿದು ಕಾರ್ಖಾನೆಗಳ ನೀರಿನ ಬಾಯಿ ಮುಚ್ಚತೊಡಗಿತು. 1990ರಲ್ಲಿ ಅದಕ್ಕೆ ನೊಮಾಡಿಕಾ, ಅಂದರೆ ಅಲೆಮಾರಿ, ಎಂದೇ ಹೆಸರಿಟ್ಟರು. ಕಪ್ಪು ಸಮುದ್ರದ ಮೀನುಗಾರಿಕೆ ಕುಸಿದಾಗ ಹಡಗುಗಳು ಸಮತೋಲಕ್ಕೆ ತುಂಬಿಕೊಳ್ಳುವ ನೀರಿನಲ್ಲಿ ಬಂದು ಸೇರಿದ್ದ ನೀಮಿಯಾಪ್ಸಿಸ್ ಎಂಬುದನ್ನೂ ಪತ್ರಿಕೆಗಳು ಲೋಳೆಮೀನೆಂದೇ ಬರೆದವು. ಅದಕ್ಕೆ ಕುಟುಕು ಕೋಶಗಳೇ ಇಲ್ಲ, ಅದು ಟೀನೋಫೋರಾ ಎಂಬ ಬೇರೆಯದೇ ವಂಶದ್ದು.

ಹೆಸರು ಏನಾದರೇನು, ಕುಟುಕಿದರೆ ಉರಿ ಒಂದೇ ಅಲ್ಲವೇ ಎಂದು ಕೇಳುವವರಿಗೆ ಸ್ವಂತದ ಅನುಭವ ಹೇಳುತ್ತೇನೆ. ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ಮನೆಮಂದಿಯೆಲ್ಲ ಗೋಕರ್ಣಕ್ಕೆ ಹೋಗಿದ್ದಾಗ, ದಂಡೆಯ ಮೇಲೆ ಬಿದ್ದಿದ್ದ ನೀಲಿ ಗುಳ್ಳೆಯೊಂದನ್ನು ಮೊಮ್ಮಗಳು ಕಾಲಿನಿಂದ ಒತ್ತಿದಳು, ಪಾದಕ್ಕೆ ಬರೆ ಎಳೆದಂತಾಯಿತು. ಸುತ್ತ ನೆರೆದವರಲ್ಲಿ ಒಬ್ಬರು ಮರಳಿನಿಂದ ಉಜ್ಜಿರೆಂದರು, ಇನ್ನೊಬ್ಬರು ಕುಡಿಯುವ ನೀರು ಸುರಿದೇಬಿಟ್ಟರು, ಮೂರನೆಯವರು ಹೇಳಿದ್ದನ್ನು ಇಲ್ಲಿ ಬರೆಯಲಾರೆ. ಮೂರೂ ತಪ್ಪು, ಸಿಡಿಯದೆ ಉಳಿದ ಕುಟುಕು ಕೋಶಗಳು ಇಂಥ ಉಪಚಾರದಿಂದ ಮತ್ತಷ್ಟು ಸಿಡಿಯಬಹುದು. ಆ ನೀಲಿ ಗುಳ್ಳೆ ಫೈಸೇಲಿಯಾ, ಮಳೆಗಾಲದಲ್ಲಿ ಗಾಳಿ ಅದನ್ನು ನಮ್ಮ ಪಶ್ಚಿಮ ಕರೆಗೆ ತಳ್ಳುತ್ತದೆ. ಅದು ಒಂದು ಪ್ರಾಣಿಯೂ ಅಲ್ಲ, ಹಲವು ಕೆಲಸ ಹಂಚಿಕೊಂಡ ಜೀವಿಗಳ ಒಕ್ಕಲು, ಹೈಡ್ರೋಜೋವಾ ವರ್ಗದ್ದು. ಆಸ್ಟ್ರೇಲಿಯಾದ ಪ್ರಥಮ ಚಿಕಿತ್ಸೆಯ ಕ್ರಮದಲ್ಲಿ ಇದಕ್ಕೆ ಸಮುದ್ರದ ನೀರಿನಲ್ಲಿ ತೊಳೆದು, ತಡೆಯುವಷ್ಟು ಬಿಸಿ ನೀರಿನಲ್ಲಿ ಇಪ್ಪತ್ತು ನಿಮಿಷ ಅದ್ದಿಡಬೇಕೆಂದಿದೆ. ಅಲ್ಲಿಯದೇ ಮಾರಣಾಂತಿಕ ಪೆಟ್ಟಿಗೆ ಲೋಳೆಮೀನಾದ ಕೈರೋನೆಕ್ಸ್‌ಗೆ ಮಾತ್ರ ಮೊದಲು ವಿನೆಗರ್ ಸುರಿಯಬೇಕೆಂದಿದೆ. ವರ್ಗ ತಿಳಿಯದೆ ಉಪಚಾರ ತಿಳಿಯುವುದಿಲ್ಲ. ರಜೆ ಬಂತೆಂದರೆ ಕಲಬುರಗಿ, ಬೀದರ, ಯಾದಗಿರಿಯ ಶಾಲೆಗಳ ಬಸ್ಸುಗಳು ಮುರ್ಡೇಶ್ವರ, ಮಲ್ಪೆಗಳಿಗೆ ಹೊರಡುತ್ತವೆ, ಆ ಮಕ್ಕಳ ಜೊತೆ ಹೋಗುವ ಗುರುಗಳಿಗೆ ಇದು ಗೊತ್ತಿರಬೇಕು.

ಹೀಗಾಗಿ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಮುಂದೆ ಇಂಥ ಸುದ್ದಿ ಬರೆಯುವಾಗ ಲೋಳೆಮೀನು ಎಂಬ ಪದದ ಜೊತೆಗೆ ಯಾವ ವರ್ಗದ್ದು, ಸಾಧ್ಯವಾದರೆ ಯಾವ ಕುಲದ್ದು ಎಂದೂ ಕನ್ನಡ ಲಿಪಿಯಲ್ಲಿ ಕೊಡಿರಿ. ಹಾವು ಎಂದು ಮಾತ್ರ ಬರೆದು ನಾಗರವೋ ಕೇರೆಯೋ ಹೇಳದೆ ಬಿಟ್ಟರೆ ನಮ್ಮ ಓದುಗರು ಸುಮ್ಮನಿರುವುದಿಲ್ಲ.

ನಮ್ಮ ಭಾಗದ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳಿಗೂ ಒಂದು ಮಾತಿದೆ. ಬೀದರದ ಕಾರಂಜಾದ ನೀರು ಮಾಂಜ್ರಾ ಹಿಡಿದು ಗೋದಾವರಿಗೆ ಹೋಗುವುದರಿಂದ ಅದರ ಲೆಕ್ಕವೇ ಬೇರೆ. ನಾರಾಯಣಪುರದ ಬಸವಸಾಗರದಲ್ಲಿ ನಿಲ್ಲುವುದು ಮಾತ್ರ ನಮ್ಮ ದೇಶದಲ್ಲಿ ಲಿಮ್ನೋಕ್ನಿಡಾ ಮೊದಲು ಸಿಕ್ಕ ಹಳ್ಳಗಳಿಂದಲೇ ಇಳಿದು ಬಂದ ನೀರು. ಏಪ್ರಿಲ್, ಮೇ ತಿಂಗಳಲ್ಲಿ ನೀರು ತಗ್ಗಿ ಬೆಚ್ಚಗಾಗಿರುವಾಗ ಹಿನ್ನೀರಿನ ಅಂಚುಗಳಲ್ಲಿ ನುಣುಪು ಬಟ್ಟೆಯ ಬಲೆಯಿಂದ ಸೋಸಿ, ಬಿಳಿ ತಟ್ಟೆಗೆ ಸುರಿದು ನೋಡುವುದಕ್ಕೆ ಹೆಚ್ಚಿನ ಖರ್ಚಿಲ್ಲ. ಕೃಷ್ಣೆಯಲ್ಲಿ ಮೊಸಳೆಗಳಿರುವುದರಿಂದ ವಿದ್ಯಾರ್ಥಿಗಳನ್ನು ನೀರಿಗಿಳಿಸದೆ ದೋಣಿಯಲ್ಲಿ, ಅಂಬಿಗರ ಜೊತೆಯಲ್ಲೇ ಈ ಕೆಲಸ ಮಾಡಬೇಕು. ಬಡಿಯುತ್ತ ಮೇಲೇರಿ, ಬಡಿತ ನಿಲ್ಲಿಸಿ ಕೆಳಗಿಳಿಯುವ, ಸಣ್ಣ ನಾಣ್ಯದಷ್ಟಿನ ಗಾಜಿನಂಥ ಛತ್ರಿ ಕಂಡರೆ, ಮೊದಲು ಜೀವಂತವಿರುವಾಗಲೇ ಚಿತ್ರ ತೆಗೆದುಕೊಳ್ಳಬೇಕು. ಆಮೇಲೆ ಮದ್ಯಸಾರದಲ್ಲಿ ಹಾಕಿದರೆ ಅದು ಮುದುಡಿಹೋಗುವುದರಿಂದ, ಶೇಕಡಾ ಐದರ ಫಾರ್ಮಲಿನ್ನಿನಲ್ಲಿಟ್ಟು, ಸಿಕ್ಕ ಜಾಗ ಮತ್ತು ದಿನಾಂಕದ ಚೀಟಿಯೊಡನೆ ಪ್ರಾಣಿ ಸರ್ವೇಕ್ಷಣಾಲಯದ ಹೈದರಾಬಾದಿನ ಸಿಹಿನೀರು ಜೀವಶಾಸ್ತ್ರ ಕೇಂದ್ರಕ್ಕೆ ಕಳಿಸಬಹುದು. ನಮಗೆ ಕಲ್ಕತ್ತಕ್ಕಿಂತಲೂ ಪುಣೆಗಿಂತಲೂ ಅದೇ ಹತ್ತಿರ.

ಇತಿ ತಮ್ಮ ವಿಶ್ವಾಸಿ,
ಪ್ರಾಣಿಶಾಸ್ತ್ರದ ನಿವೃತ್ತ ಉಪನ್ಯಾಸಕ,
ಸುರಪುರ, ಯಾದಗಿರಿ ಜಿಲ್ಲೆ