ಜರಡಿಗೆ ಸಿಕ್ಕವರೆಲ್ಲ ರೋಗಿಗಳಲ್ಲ

ಮಾನ್ಯ ಸಂಪಾದಕರೇ,

‘ಶೇ 40ರಷ್ಟು ವಿದ್ಯಾರ್ಥಿಗಳಿಗೆ ಖಿನ್ನತೆ’, ‘ಗಾರ್ಮೆಂಟ್ಸ್ ಮಹಿಳೆಯರಲ್ಲಿ ಮೂವರಲ್ಲೊಬ್ಬರಿಗೆ ಆತಂಕದ ಕಾಯಿಲೆ’, ‘ಶಿಕ್ಷಕರಿಗಿಂತ ಪೊಲೀಸರಿಗೇ ಹೆಚ್ಚು’. ಈ ಧಾಟಿಯ ತಲೆಬರಹಗಳು ಯಾವ ಕನ್ನಡ ಪತ್ರಿಕೆ ತೆರೆದರೂ ಆಗಾಗ ಕಣ್ಣಿಗೆ ಬೀಳುತ್ತವೆ. ಆದರೆ ಯಾವ ಪ್ರಶ್ನಾವಳಿ ಬಳಸಿದರು, ಎಷ್ಟು ಅಂಕ ಬಂದವರನ್ನು ಲೆಕ್ಕಕ್ಕೆ ಹಿಡಿದರು, ಯಾರು ಯಾವ ಭಾಷೆಯಲ್ಲಿ ಕೇಳಿದರು ಎಂಬುದು ಸುದ್ದಿಯಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಅದು ಗೊತ್ತಿಲ್ಲದೆ ಒಂದು ಗುಂಪಿನ ಶೇಕಡಾವಾರನ್ನು ಇನ್ನೊಂದರ ಪಕ್ಕ ಇಡುವುದೆಂದರೆ, ಸೇರಿನಲ್ಲಿ ಅಳೆದ ರಾಗಿಯನ್ನು ಕಿಲೋದಲ್ಲಿ ತೂಗಿದ ರಾಗಿಯ ಜೊತೆ ಹೋಲಿಸಿದ ಹಾಗೆ. ಸಂಖ್ಯೆಯೇನೋ ಎರಡೂ ಕಡೆ ಇರುತ್ತದೆ.

ಇಂಥ ಅಧ್ಯಯನಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ಪಿಎಚ್‌ಕ್ಯು–9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ. ಕಳೆದ ಎರಡು ವಾರಗಳಲ್ಲಿ ಬೇಸರ, ನಿರಾಸಕ್ತಿ, ನಿದ್ದೆ, ಸುಸ್ತು, ಹಸಿವು ಮುಂತಾದವು ಎಷ್ಟು ದಿನ ಕಾಡಿದವು ಎಂದು ಕೇಳಿ, ಪ್ರತಿ ಉತ್ತರಕ್ಕೆ 0ಯಿಂದ 3ರವರೆಗೆ ಅಂಕ ಕೊಡುತ್ತಾರೆ. ಒಟ್ಟು ಗರಿಷ್ಠ 27 ಅಂಕ. ಅದರಲ್ಲಿ 5 ಮುಟ್ಟಿದರೆ ಸೌಮ್ಯ, 10 ಮುಟ್ಟಿದರೆ ಮಧ್ಯಮ, 15 ಮತ್ತು 20 ಅದಕ್ಕೂ ಮೇಲಿನ ಮೆಟ್ಟಿಲುಗಳು. ಆತಂಕಕ್ಕೆ ಜಿಎಡಿ–7 ಇದೆ: ಏಳು ಪ್ರಶ್ನೆ, 21 ಅಂಕ. ಎರಡೂ ಜರಡಿಗಳು. ಯಾರನ್ನು ವೈದ್ಯರು ಕೂರಿಸಿಕೊಂಡು ಮಾತಾಡಿಸಬೇಕು ಎಂದು ಆರಿಸಿಕೊಳ್ಳುವುದಷ್ಟೇ ಅವುಗಳ ಕೆಲಸ. ಕಾಯಿಲೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಆ ಮಾತುಕತೆಯ ನಂತರ.

ಜರಡಿಗೂ ರೋಗನಿರ್ಣಯಕ್ಕೂ ಇರುವ ಅಂತರ ಎಷ್ಟೆಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. 10 ಅಂಕವನ್ನು ಗಡಿಯಾಗಿಟ್ಟರೆ ಪಿಎಚ್‌ಕ್ಯು–9, ಕಾಯಿಲೆ ಇರುವ 100 ಜನರಲ್ಲಿ ಸುಮಾರು 88 ಜನರನ್ನು ಹಿಡಿಯುತ್ತದೆ. ಕಾಯಿಲೆ ಇಲ್ಲದ 100 ಜನರಲ್ಲಿ ಸುಮಾರು 15 ಜನರನ್ನೂ ತಪ್ಪಾಗಿ ಹಿಡಿಯುತ್ತದೆ. ಒಂದು ಊರಿನ 1,000 ಜನರಲ್ಲಿ 30 ಜನರಿಗೆ ನಿಜಕ್ಕೂ ಖಿನ್ನತೆ ಇದೆ ಎನ್ನಿ. ಜರಡಿಗೆ ಅವರಲ್ಲಿ 26 ಜನ ಸಿಗುತ್ತಾರೆ. ಉಳಿದ 970 ಆರೋಗ್ಯವಂತರಲ್ಲಿ 145 ಜನರೂ ಸಿಗುತ್ತಾರೆ. ಒಟ್ಟು 171. ಮರುದಿನದ ತಲೆಬರಹ ‘ಶೇ 17 ಜನರಿಗೆ ಖಿನ್ನತೆ’ ಎಂದಾಗುತ್ತದೆ. ಇದ್ದದ್ದು ಶೇ 3.

ಇದೇ ಪಟ್ಟಿಯನ್ನು ಮನೋವೈದ್ಯಕೀಯ ಹೊರರೋಗಿ ವಿಭಾಗಕ್ಕೆ ಒಯ್ಯಿರಿ. ಅಲ್ಲಿ 1,000 ಜನರಲ್ಲಿ 300 ಜನರಿಗೆ ಖಿನ್ನತೆ ಇದ್ದರೆ ಜರಡಿಗೆ 264 ಜನ ಸರಿಯಾಗಿಯೂ 105 ಜನ ತಪ್ಪಾಗಿಯೂ ಸಿಗುತ್ತಾರೆ. ಊರಿನಲ್ಲಿ 10 ಮುಟ್ಟಿದ ಆರೇಳು ಜನರಲ್ಲಿ ಒಬ್ಬರಿಗೆ ಮಾತ್ರ ಕಾಯಿಲೆ. ಆಸ್ಪತ್ರೆಯಲ್ಲಿ ಹತ್ತರಲ್ಲಿ ಏಳು ಜನರಿಗೆ. ಅಂಕ ಅದೇ, ಪಟ್ಟಿ ಅದೇ, ಅರ್ಥ ಮಾತ್ರ ಬೇರೆ. ಗುಂಪುಗಳನ್ನು ಹೋಲಿಸುವ ಸುದ್ದಿಗಳು ಎಡವುವುದು ಹೆಚ್ಚಾಗಿ ಇಲ್ಲೇ.

ಈಗ ದೇಶದ ಅಂಕಿಗಳನ್ನು ನೋಡೋಣ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ತರಬೇತಿ ಪಡೆದವರು ಮನೆಮನೆಗೆ ಹೋಗಿ, ‘ಮಿನಿ’ ಎಂಬ ಕ್ರಮಬದ್ಧ ಸಂದರ್ಶನ ಮಾಡಿದರು. ವಯಸ್ಕರಲ್ಲಿ ಆಗ ಖಿನ್ನತೆ ಇದ್ದವರು ಶೇ 2.7, ಜೀವನದಲ್ಲಿ ಎಂದಾದರೂ ಅನುಭವಿಸಿದವರು ಶೇ 5.2. ‘ಇಪ್ಪತ್ತರಲ್ಲೊಬ್ಬರು’ ಎಂದು ಬರೆಯುವವರು ಎರಡನೆಯದನ್ನು ಹಿಡಿದಿರುತ್ತಾರೆ. ಮೊದಲನೆಯದನ್ನು ಹಿಡಿದರೆ ಅದು ಮೂವತ್ತೇಳರಲ್ಲೊಬ್ಬರು. ಇನ್ನೊಂದು ವಿಷಯ: ಆ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಇಲ್ಲಿ ಆದದ್ದು ಕೋಲಾರ ಜಿಲ್ಲೆಯ ಪೂರ್ವಸಿದ್ಧತಾ ಅಧ್ಯಯನ ಮಾತ್ರ. ಆದ್ದರಿಂದ ಆ ಸಮೀಕ್ಷೆಯ ಹೆಸರಿನಲ್ಲಿ ‘ಕರ್ನಾಟಕದಲ್ಲಿ ಶೇ ಇಷ್ಟು’ ಎಂದು ಯಾರಾದರೂ ಹೇಳಿದರೆ ಎಲ್ಲಿಂದ ತಂದಿರಿ ಎಂದು ಕೇಳಲೇಬೇಕು.

ಮನೆಬಾಗಿಲಿನ ಸಂದರ್ಶನದ ಅಂಕಿಯೇ ಪರಮಸತ್ಯ ಎನ್ನುತ್ತಿಲ್ಲ. ಅಪರಿಚಿತರ ಮುಂದೆ, ಅತ್ತೆಯೋ ಗಂಡನೋ ಪಕ್ಕದಲ್ಲಿ ನಿಂತಿರುವಾಗ ‘ಜೀವ ಬೇಡ ಅನ್ನಿಸುತ್ತೆ’ ಎಂದು ಯಾರು ಹೇಳಿಯಾರು? ಅಲ್ಲಿ ಸಂಖ್ಯೆ ಕೆಳಗಿಳಿಯುತ್ತದೆ. ಹಾಸ್ಟೆಲ್, ಜೈಲು, ಬೀದಿಬದಿಯಲ್ಲಿ ಬದುಕುವವರು ಕುಟುಂಬ ಸಮೀಕ್ಷೆಯ ಪಟ್ಟಿಗೇ ಬರುವುದಿಲ್ಲ. ಇನ್ನು ಈಗಾಗಲೇ ವೈದ್ಯರು ಹೇಳಿರುವ ಪ್ರಕರಣಗಳನ್ನಷ್ಟೇ ಎಣಿಸಿದರೆ ಸಂಖ್ಯೆ ಪಾತಾಳಕ್ಕಿಳಿಯುತ್ತದೆ. 2017–18ರ ವೃದ್ಧಾಪ್ಯ ಕುರಿತ ರಾಷ್ಟ್ರೀಯ ಅಧ್ಯಯನ ‘ಲಾಸಿ’ಯಲ್ಲಿ, 60 ದಾಟಿದವರ ಪೈಕಿ ‘ನನಗೆ ಖಿನ್ನತೆ ಇದೆ ಎಂದು ವೈದ್ಯರು ಹೇಳಿದ್ದಾರೆ’ ಎಂದವರು ಶೇ 0.8. ಅದೇ ಜನರಿಗೆ ಲಕ್ಷಣಗಳ ಪ್ರಶ್ನೆ ಕೇಳಿದಾಗ ಶೇ 8.3. ಹತ್ತು ಪಟ್ಟು ವ್ಯತ್ಯಾಸ, ಒಂದೇ ಅಧ್ಯಯನದೊಳಗೆ.

ವಿದ್ಯಾರ್ಥಿಗಳ ವಿಷಯಕ್ಕೆ ಬಂದರೆ, 43 ದೇಶಗಳ ವೈದ್ಯಕೀಯ ವಿದ್ಯಾರ್ಥಿಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2016ರ ವಿಶ್ಲೇಷಣೆಯೊಂದು ಖಿನ್ನತೆ ಅಥವಾ ಅದರ ಲಕ್ಷಣ ಇರುವವರು ಶೇ 27.2 ಎಂದಿತು. ಎಲ್ಲರೂ ಉದ್ಧರಿಸುವುದು ಈ ಅಂಕಿಯನ್ನೇ. ಅದೇ ಪ್ರಬಂಧದಲ್ಲಿ ಬಳಸಿದ ಮಾಪನಕ್ಕೆ ತಕ್ಕಂತೆ ಉತ್ತರ ಶೇ 9.3ರಿಂದ 55.9ರವರೆಗೆ ಜಿಗಿದಿದೆ ಎಂಬ ಸಾಲೂ ಇದೆ. ಅದನ್ನು ಯಾರೂ ಎತ್ತುವುದಿಲ್ಲ.

ನಮ್ಮ ಕಾಲೇಜುಗಳ ಪ್ರಬಂಧಗಳಲ್ಲಿ ‘ಡಾಸ್–21’ ಎಂಬ ಪಟ್ಟಿಯೂ ಜನಪ್ರಿಯ. ಖಿನ್ನತೆ, ಆತಂಕ, ಒತ್ತಡಕ್ಕೆ ತಲಾ ಏಳು ಪ್ರಶ್ನೆ. ಇದು 42 ಪ್ರಶ್ನೆಗಳ ಪಟ್ಟಿಯ ಅರ್ಧ ರೂಪವಾದ್ದರಿಂದ, ಬಂದ ಅಂಕವನ್ನು ಎರಡರಿಂದ ಗುಣಿಸಿ ನಂತರವೇ ಗಡಿಗೆ ಹೋಲಿಸಬೇಕು. ಕೆಲವರು ಗುಣಿಸುವುದನ್ನು ಮರೆಯುತ್ತಾರೆ, ಸಂಖ್ಯೆ ಕುಸಿಯುತ್ತದೆ. ಸರಿಯಾಗಿ ಗುಣಿಸಿದರೂ ಆತಂಕದ ‘ಸೌಮ್ಯ’ ಹಂತ 8ಕ್ಕೇ ಶುರುವಾಗುತ್ತದೆ. ಅಂದರೆ ಮೂಲ ಅಂಕ 4 ಬಂದರೆ ಸಾಕು. ಬಾಯಿ ಒಣಗುವುದು, ಕೈ ನಡುಗುವುದು, ಎದೆ ಬಡಿತ ಕೇಳಿಸುವುದು ಇವೆಲ್ಲ ಆ ಪ್ರಶ್ನೆಗಳಲ್ಲಿವೆ. ಪರೀಕ್ಷೆಯ ಹಿಂದಿನ ವಾರ ಪಟ್ಟಿ ಹಂಚಿ, ‘ಸೌಮ್ಯ’ದಿಂದ ಮೇಲಿನವರನ್ನೆಲ್ಲ ಕೂಡಿಸಿ ‘ಅರ್ಧದಷ್ಟು ವಿದ್ಯಾರ್ಥಿಗಳಿಗೆ ಆತಂಕದ ಕಾಯಿಲೆ’ ಎಂದರೆ ಅದರಲ್ಲಿ ಅಚ್ಚರಿಪಡಲು ಏನಿದೆ?

ಭಾಷೆಯ ತೊಡಕು ಇವೆಲ್ಲಕ್ಕಿಂತ ಆಳವಾದದ್ದು. ‘ಖಿನ್ನತೆ’ ಪುಸ್ತಕದ ಮಾತು. ಹಳ್ಳಿಯಲ್ಲಿ ಕೇಳಿದರೆ ‘ಬೇಜಾರು’ ಎನ್ನುತ್ತಾರೆ. ಆದರೆ ಕೆಲಸವಿಲ್ಲದೆ ಹೊತ್ತು ಹೋಗದಿರುವುದೂ ಬೇಜಾರೇ, ಮದುವೆಗೆ ಕರೆಯಲಿಲ್ಲ ಎಂಬ ಮುನಿಸೂ ಬೇಜಾರೇ, ಮನಸ್ಸು ಕುಸಿದು ಕೂತದ್ದೂ ಬೇಜಾರೇ. ‘ಎರಡು ವಾರದಲ್ಲಿ ಬೇಜಾರಾಗಿತ್ತಾ?’ ಎಂದು ಕೇಳಿದರೆ ಹೂಂ ಎನ್ನದವರು ಯಾರು? ಇನ್ನೊಂದು ಕಡೆ, ನಿಜಕ್ಕೂ ಕಾಯಿಲೆ ಇರುವವರು ಮನಸ್ಸಿನ ಮಾತೇ ಎತ್ತದೆ ‘ಮೈಕೈ ನೋವು, ಎದೆ ಭಾರ, ತಲೆ ಧಿಮ್ ಅನ್ನುತ್ತೆ, ಕೈಕಾಲಲ್ಲಿ ಶಕ್ತಿಯಿಲ್ಲ’ ಎಂದೇ ಶುರುಮಾಡುತ್ತಾರೆ.

ಪಿಎಚ್‌ಕ್ಯು–9ರ ಏಳನೇ ಪ್ರಶ್ನೆ ಏಕಾಗ್ರತೆಯ ಬಗ್ಗೆ. ಅದರಲ್ಲಿ ಕೊಟ್ಟಿರುವ ಉದಾಹರಣೆ ದಿನಪತ್ರಿಕೆ ಓದುವುದು, ಟಿವಿ ನೋಡುವುದು. ಓದು ಬಾರದ ಕೂಲಿ ಹೆಂಗಸಿಗೆ ಇದನ್ನು ಹಾಗೇ ಓದಿ ಹೇಳಿದರೆ ‘ನಾ ಪೇಪರ್ ಓದಲ್ಲಪ್ಪ’ ಎನ್ನುತ್ತಾಳೆ, ಕೇಳುವವರು ಸೊನ್ನೆ ಹಾಕಿಕೊಂಡು ಮುಂದೆ ಹೋಗುತ್ತಾರೆ. ಹಣ ಎಣಿಸುವಾಗ ಲೆಕ್ಕ ತಪ್ಪುವುದು, ಒಲೆ ಮೇಲೆ ಇಟ್ಟದ್ದು ಮರೆಯುವುದು ಅವರ ಬದುಕಿನ ಉದಾಹರಣೆಗಳು. ‘ಕೆಲವು ದಿನ’, ‘ಅರ್ಧಕ್ಕಿಂತ ಹೆಚ್ಚು ದಿನ’, ‘ಹೆಚ್ಚುಕಡಿಮೆ ಪ್ರತಿದಿನ’ ಎಂಬ ಆಯ್ಕೆಗಳೂ ಕಿವಿಗೆ ಒಂದೇ ರೀತಿ ಕೇಳುತ್ತವೆ. ಹದಿನಾಲ್ಕು ಹುಣಸೆಬೀಜ ಕೊಟ್ಟು ‘ಎಷ್ಟು ದಿನ ಹೀಗಾಯಿತೋ ಅಷ್ಟು ಬೀಜ ಈಚೆ ಇಡಿ’ ಎಂದರೆ ಉತ್ತರ ಎಷ್ಟೋ ಖಚಿತವಾಗುತ್ತದೆ.

ಅನುವಾದಕ್ಕೂ ಒಂದು ಕ್ರಮವಿದೆ. ಇಬ್ಬರು ಬೇರೆಬೇರೆಯಾಗಿ ಕನ್ನಡಕ್ಕೆ ತರಬೇಕು, ಇಬ್ಬರದನ್ನೂ ಕೂಡಿಸಿ ಒಂದು ಮಾಡಬೇಕು, ಮೂಲ ನೋಡದ ಮೂರನೆಯವರು ಅದನ್ನು ಇಂಗ್ಲಿಷಿಗೆ ತಿರುಗಿಸಬೇಕು. ಆಮೇಲೆ ಹತ್ತಿಪ್ಪತ್ತು ಜನರಿಗೆ ಕೇಳಿ ‘ನಿಮಗೆ ಇದರಿಂದ ಏನರ್ಥವಾಯಿತು?’ ಎಂದು ವಿಚಾರಿಸಬೇಕು. ಕೊನೆಗೆ ಮನೋವೈದ್ಯರ ಸಂದರ್ಶನದ ಜೊತೆ ತಾಳೆ ನೋಡಿ, ಇಲ್ಲಿನ ಜನರಿಗೆ ಗಡಿ ಎಷ್ಟಿರಬೇಕು ಎಂದು ಗೊತ್ತುಮಾಡಬೇಕು. ಹೆರಿಗೆಯ ಆಸುಪಾಸಿನ ಖಿನ್ನತೆ ಹುಡುಕುವ, 1987ರಲ್ಲಿ ಪ್ರಕಟವಾದ ಎಡಿನ್‌ಬರೊ ಮಾಪನದ ಕನ್ನಡ ರೂಪವನ್ನು ಗ್ರಾಮೀಣ ಕರ್ನಾಟಕದ ಗರ್ಭಿಣಿಯರಲ್ಲಿ ಹೀಗೆ ಒರೆಗೆ ಹಚ್ಚಿ, 13 ಅಂಕದ ಗಡಿ ಸರಿಹೊಂದುತ್ತದೆ ಎಂದು 2011ರಲ್ಲಿ ಪ್ರಕಟಿಸಿದ್ದಾರೆ. ಆದರೂ ‘ಕನ್ನಡ ಪ್ರಶ್ನಾವಳಿ’ ಎಂದರೆ ಎಲ್ಲ ಕಡೆಗೂ ಆಯಿತು ಎಂದಲ್ಲ. ಕೋಲಾರದಲ್ಲಿ ಮನೆಮಾತು ತೆಲುಗು, ಕರಾವಳಿಯಲ್ಲಿ ತುಳುವೋ ಬ್ಯಾರಿಯೋ, ಕಲಬುರಗಿಯಲ್ಲಿ ಉರ್ದುವೋ ಆಗಿರಬಹುದು. ಮನದ ಸಂಕಟ ಹೇಳಿಕೊಳ್ಳುವುದು ಮನೆಮಾತಿನಲ್ಲಿ.

ಗುಂಪಿಗೆ ತಕ್ಕ ಮಾಪನ ಬೇರೆ ಏಕೆ ಬೇಕು ಎಂಬುದಕ್ಕೂ ಕಾರಣ ಸರಳ. ಗರ್ಭಿಣಿಗೆ ನಿದ್ದೆ ಕೆಡುವುದು, ಹಸಿವು ಏರುಪೇರಾಗುವುದು, ಸುಸ್ತು, ಎಲ್ಲವೂ ಸಹಜ. ಪಿಎಚ್‌ಕ್ಯು–9ರಲ್ಲಿ ಈ ಮೂರಕ್ಕೇ 9 ಅಂಕ ಸಿಗಬಹುದು. ಎಡಿನ್‌ಬರೊ ಮಾಪನ ಸುಸ್ತು, ಹಸಿವುಗಳನ್ನು ಕೇಳುವುದೇ ಇಲ್ಲ. ವೃದ್ಧರ ಮಾಪನ ‘ಜಿಡಿಎಸ್’ ನಿದ್ದೆ–ಹಸಿವುಗಳನ್ನು ಬಿಟ್ಟದ್ದೂ ಇಂಥದೇ ಕಾರಣಕ್ಕೆ; ಅದು ಹೌದು–ಇಲ್ಲ ಉತ್ತರಕ್ಕೆ ಇಳಿದದ್ದು ಉತ್ತರಿಸುವುದು ಸುಲಭವಾಗಲೆಂದು. ರಾಜ್ಯದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ ಎಂದು 2019–21ರ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅವರ ಸುಸ್ತನ್ನು ಖಿನ್ನತೆಯ ಖಾತೆಗೆ ಬರೆಯುವ ಮುನ್ನ ಹಿಮೋಗ್ಲೋಬಿನ್ ನೋಡಬೇಕು. ರಾತ್ರಿಪಾಳಿಯವರ ನಿದ್ದೆಯ ಪ್ರಶ್ನೆಯೂ ಹಾಗೆಯೇ.

ಗಂಡಸರದ್ದು ತಿರುವುಮುರುವು. 2015–16ರ ಸಮೀಕ್ಷೆಯಲ್ಲಿ ಖಿನ್ನತೆ ಹೆಂಗಸರಲ್ಲಿ ತುಸು ಹೆಚ್ಚು. ಮದ್ಯ ಮತ್ತಿತರ ವ್ಯಸನ ಸೇರಿಸಿದ ಒಟ್ಟು ಮಾನಸಿಕ ಅಸ್ವಸ್ಥತೆ ಗಂಡಸರಲ್ಲಿ ಸುಮಾರು ಎರಡು ಪಟ್ಟು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ವರದಿಯಲ್ಲಿ ಆತ್ಮಹತ್ಯೆಯಿಂದ ಸತ್ತ ಪ್ರತಿ 100 ಜನರಲ್ಲಿ ಸುಮಾರು 72 ಗಂಡಸರು. ಸಾವಿಗೆ ಖಿನ್ನತೆಯೊಂದೇ ಕಾರಣವಲ್ಲ, ನಿಜ. ಆದರೂ ಅಳುವ ಬಗ್ಗೆ, ಬೇಸರದ ಬಗ್ಗೆ ಕೇಳುವ ಪಟ್ಟಿ ಗಂಡಸಿನ ಸಿಟ್ಟನ್ನೂ ಕುಡಿತವನ್ನೂ ಕಾಣುವುದಿಲ್ಲ. ‘ಗಂಡಸರು ಗಟ್ಟಿ’ ಎಂಬ ತಲೆಬರಹ ಹಾಕುವ ಮುನ್ನ ಇದನ್ನು ನೆನೆಯಬೇಕು.

ಯಾರು ಉತ್ತರಿಸಿದರು ಎಂಬುದರ ಬಗ್ಗೆ ಸ್ವಲ್ಪ. 2020ರ ಏಪ್ರಿಲ್‌ನ ಲಾಕ್‌ಡೌನ್‌ನಲ್ಲಿ ವಾಟ್ಸ್ಆ್ಯಪ್ ಮೂಲಕ ಹಬ್ಬಿಸಿದ ಆನ್‌ಲೈನ್ ಸಮೀಕ್ಷೆಯೊಂದರಲ್ಲಿ 1,685 ಉತ್ತರಗಳನ್ನು ವಿಶ್ಲೇಷಿಸಿ, ಶೇ 40.5 ಜನರಲ್ಲಿ ಆತಂಕ ಅಥವಾ ಖಿನ್ನತೆ ಕಂಡಿದೆ ಎಂದರು. ಸಂಕಟದ ಹೊತ್ತಿನ ತುರ್ತು ಚಿತ್ರವಾಗಿ ಅದಕ್ಕೆ ಬೆಲೆಯಿದೆ. ಆದರೆ ಮೊಬೈಲ್, ಡೇಟಾ, ಓದು ಇರುವವರಷ್ಟೇ, ಅದರಲ್ಲೂ ವಿಷಯ ತಮಗೆ ತಟ್ಟಿದವರೇ ಹೆಚ್ಚಾಗಿ ಲಿಂಕ್ ಒತ್ತುತ್ತಾರೆ. ಅದನ್ನು ಮನೆಮನೆ ಸಮೀಕ್ಷೆಯ ಅಂಕಿಯ ಪಕ್ಕ ಇಟ್ಟು ‘ಇಷ್ಟು ಪಟ್ಟು ಏರಿಕೆ’ ಎನ್ನಲಾಗದು. ಸಂಖ್ಯೆಯ ಗಾತ್ರವೂ ಮುಖ್ಯ. 80 ಪೊಲೀಸರಲ್ಲಿ ಶೇ 30, 80 ಶಿಕ್ಷಕರಲ್ಲಿ ಶೇ 22 ಎಂದು ಬಂದರೆ ನಡುವಿನ ಅಂತರ 8 ಶೇಕಡಾ ಅಂಶ. ಅಷ್ಟು ಕಡಿಮೆ ಜನರಲ್ಲಿ ಆ ಅಂತರವೇ ಆಚೀಚೆ 13–14 ಅಂಶ ಜಾರಬಲ್ಲದು. ಅಂದರೆ ಶಿಕ್ಷಕರೇ ಮುಂದಿದ್ದರೂ ಇರಬಹುದು.

ಆದ್ದರಿಂದ ಇಂಥ ಸುದ್ದಿಯ ಕೊನೆಗೆ ನಾಲ್ಕು ಸಾಲಿನ ಚೌಕಟ್ಟೊಂದನ್ನು ಹಾಕಿ ಎಂದು ಕೋರುತ್ತೇವೆ: ಪ್ರಶ್ನಾವಳಿಯ ಹೆಸರು ಮತ್ತು ಗಡಿ ಅಂಕ; ಅಂಕಿ ಎರಡು ವಾರದ್ದೋ, ವರ್ಷದ್ದೋ, ಜೀವಮಾನದ್ದೋ; ಎಷ್ಟು ಜನರನ್ನು ಕೇಳಿದರು, ಎಷ್ಟು ಜನ ಉತ್ತರಿಸಿದರು; ಯಾವ ಭಾಷೆಯಲ್ಲಿ, ಯಾರು ಕೇಳಿದರು. ವೈದ್ಯರ ಸಂದರ್ಶನ ಆಗಿರದಿದ್ದರೆ ತಲೆಬರಹದಲ್ಲಿ ‘ಖಿನ್ನತೆ’ ಬದಲು ‘ಖಿನ್ನತೆಯ ಲಕ್ಷಣ’ ಎಂದಿರಲಿ. ಬರೀ ಒಂದು ಪದದ ವ್ಯತ್ಯಾಸವಲ್ಲ ಅದು. ಮೇಲಿನ ಲೆಕ್ಕದಲ್ಲಿ 145 ಜನರ ವ್ಯತ್ಯಾಸ.

ಸಂಶೋಧಕರನ್ನು ನಿಮ್ಮ ವರದಿಗಾರರು ತಪ್ಪದೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಪಿಎಚ್‌ಕ್ಯು–9ರ ಒಂಬತ್ತನೆಯದು ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದಕ್ಕೆ ‘ಹೌದು’ ಎಂದವರು ಒಟ್ಟು ಅಂಕ ಎಷ್ಟೇ ಇರಲಿ, ಅದೇ ದಿನ ಒಬ್ಬರು ಕೂತು ಮಾತಾಡಿಸಬೇಕಾದವರು. ಹೆಸರಿಲ್ಲದ ಗೂಗಲ್ ಫಾರ್ಮಿನಲ್ಲಿ ಈ ಪ್ರಶ್ನೆ ಕೇಳಿ, ಮೂರು ತಿಂಗಳ ನಂತರ ಎಕ್ಸೆಲ್ ತೆರೆದು ‘ಶೇ 6’ ಎಂದು ಬರೆದರೆ, ಅವರು ಯಾರೆಂದು ಹುಡುಕಲೂ ದಾರಿಯಿರುವುದಿಲ್ಲ. ‘ಹೌದು ಎಂದವರಿಗೆ ಅಂದೇ ಏನು ಮಾಡಿದಿರಿ?’ ಎಂದು ಕೇಳಿ, ಬಂದ ಉತ್ತರವನ್ನು ಸುದ್ದಿಯಲ್ಲಿ ಅಚ್ಚು ಹಾಕಿ. ಜೊತೆಗೆ ಟೆಲಿ ಮಾನಸ್‌ನ 14416 ಸಂಖ್ಯೆಯೂ ಇರಲಿ. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಈ ಉಚಿತ ಸಹಾಯವಾಣಿ ದಿನದ 24 ಗಂಟೆಯೂ ಇದೆ, ಕನ್ನಡದಲ್ಲೂ ಮಾತಾಡುತ್ತಾರೆ.

— ಜನಾರೋಗ್ಯ ಸಮೀಕ್ಷೆಯ ಕೆಲಸದಲ್ಲಿರುವ ಇಬ್ಬರು ಓದುಗರು, ಕೋಲಾರ