ಬೋರ್ನಿಯೋದ ಕಾಡಿಗೆ ಕರೆದುಕೊಂಡು ಹೋದವರಿಗೆ, ಹೊತ್ತುಕೊಂಡು ಬಂದವರಿಗೆ

ನಿನ್ನೆ ಸಂಜೆ ಕೋಲು ಬಿಟ್ಟು ರಸ್ತೆ ತುದಿಯ ಅಂಗಡಿವರೆಗೆ ನಡೆದು ಹೋಗಿ ಬಂದೆ. ಹೋಗುವಾಗ ಹನ್ನೆರಡು ನಿಮಿಷ, ಬರುವಾಗ ಹದಿನೆಂಟು. ಕಾಲು ಮುರಿದು ನಿನ್ನೆಗೆ ಸರಿಯಾಗಿ ನಾಲ್ಕು ತಿಂಗಳು. ಊರಿಂದ ಫೋನ್ ಮಾಡಿದವರೆಲ್ಲ ಕೇಳಿದ್ದು ಒಂದೇ ಮಾತು. "ಅಷ್ಟು ದೂರ, ಆ ಕಾಡಲ್ಲಿ, ಯಾರೂ ಇಲ್ಲದ ಕಡೆ ಏನ್ ಮಾಡಿದ್ಯೇ ಮಾರಾಯ್ತಿ?" ಯಾರ್ಯಾರು ಇದ್ದರು ಅಂತ ಹೇಳೋಣ ಅಂತಲೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಬರುವವರಲ್ಲಿ ಹೆಚ್ಚಿನವರಿಗೆ ಕನ್ನಡ ಬರಲ್ಲ. ಅವರಿಗೆಲ್ಲ ನನ್ನ ಹರಕು ಮಲಯ್ ಭಾಷೆಯಲ್ಲಿ ಬೇರೆ ಹೇಳಿಯಾಗಿದೆ. ಇದು ಊರಿನವರಿಗೆ. ಮತ್ತೆ ವೈನಿಗೆ. ಅವರ ವಿಷಯ ಕೊನೆಗೆ.

ನಾವಿರುವುದು ಕೂಚಿಂಗ್‌ನಲ್ಲಿ. ಬೋರ್ನಿಯೋ ದ್ವೀಪದಲ್ಲಿ ಮಲೇಷ್ಯಾಕ್ಕೆ ಸೇರಿದ ಸರವಾಕ್ ಅನ್ನೋ ರಾಜ್ಯ ಇದೆ, ಅದರ ರಾಜಧಾನಿ. ಇವರಿಗೆ ಇಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿ ಬಂದು ಆರು ವರ್ಷವಾಯಿತು. ನಾನು ತೀರ್ಥಹಳ್ಳಿ ಕಡೆಯವಳು. ಮಳೆ, ಹಲಸು, ಇಂಬಳ ಮೂರೂ ಕಂಡವಳಿಗೆ ಇದೇನು ಮಹಾ ಅಂತ ಜಂಬದಲ್ಲೇ ಬಂದೆ. ಮಳೆ ಇತ್ತು, ವರ್ಷಕ್ಕೆ 4,000 ಮಿ.ಮೀ. ಆಸುಪಾಸು. ಹಲಸಿನ ತಮ್ಮನಂಥ ಚೆಂಪೆಡಾಕ್ ಇತ್ತು. ಇಂಬಳದಲ್ಲಿ ಮಾತ್ರ ಸೋತೆ. ಇಲ್ಲಿ ಎರಡು ಬಗೆ. ಒಂದು ನಮ್ಮೂರಿನದರ ಹಾಗೆ ನೆಲದಿಂದ ಹತ್ತುವಂಥದ್ದು, ಕಚ್ಚಿದ್ದೂ ತಿಳಿಯಲ್ಲ. ಇನ್ನೊಂದಕ್ಕೆ ಮೈಮೇಲೆ ಹುಲಿಯಂಥ ಪಟ್ಟೆ. ಎಲೆಯ ತುದಿಯಲ್ಲಿ ಕಾದು ಕೂತಿರುತ್ತದೆ, ಕಚ್ಚಿದರೆ ಚುರ್ ಅನ್ನುತ್ತದೆ. ಅದಕ್ಕೆ ಇಲ್ಲಿನ ಹಳಬರು ಹೇಳಿದ ಮದ್ದು ಏನು ಗೊತ್ತಾ? ಹೊಗೆಸೊಪ್ಪು. ನಮ್ಮಜ್ಜನೂ ಅದನ್ನೇ ಹೇಳುತ್ತಿದ್ದರು.

ಮೊದಲ ನಮಸ್ಕಾರ ಇವರ ಜೊತೆ ಕೆಲಸ ಮಾಡುವ ಅಕ್ಕನಿಗೆ. ಅವರು ಬಿಡಾಯು ಜನ, ಈ ನೆಲದ ಮೂಲದವರು. ಹೆಸರು ಹಾಕಬೇಡ ಅಂದಿದ್ದಾರೆ, ಹಾಕಲ್ಲ. ನಾವು ಬಂದ ಎರಡನೇ ವಾರವೇ ಒರಾಂಗುಟಾನ್ ತೋರಿಸಲು ಸೆಮೆಂಗೋಗೆ ಕರೆದುಕೊಂಡು ಹೋದರು. ತಾಯಿ ಕಳೆದುಕೊಂಡ ಮರಿಗಳು, ಯಾರೋ ಮನೆಯಲ್ಲಿ ಸಾಕಿಕೊಂಡಿದ್ದವು, ಇಂಥವನ್ನೆಲ್ಲ 1975ರಿಂದ ಅಲ್ಲಿಗೆ ತಂದು ಕಾಡಿನ ಬದುಕು ಕಲಿಸಿದರು. ಈಗ ಹೊಸದಾಗಿ ಸಿಕ್ಕಿದ್ದನ್ನು ಮಾತಾಂಗ್ ಅನ್ನೋ ಇನ್ನೊಂದು ಕೇಂದ್ರಕ್ಕೆ ಕಳಿಸುತ್ತಾರೆ. ಸೆಮೆಂಗೋದಲ್ಲಿ ಹಳೆಯವು, ಅವುಗಳ ಮಕ್ಕಳು ಮೊಮ್ಮಕ್ಕಳು ತಮ್ಮ ಪಾಡಿಗೆ ಇವೆ. ಬೋನಿಲ್ಲ. ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 3ಕ್ಕೆ ಹಣ್ಣು ಇಡುತ್ತಾರೆ. ಬಂದರೆ ಬಂತು.

ನಮಗೆ ಬರಲಿಲ್ಲ. ಮುಂದಿನ ತಿಂಗಳೂ ಇಲ್ಲ. ಮೂರನೇ ಸಲವೂ ಇಲ್ಲ. ಟಿಕೆಟ್ ದುಡ್ಡು ದಂಡವಾಯಿತಲ್ಲ ಅಂತ ನನಗೆ ಸಿಟ್ಟು. ಅಲ್ಲಿನ ಕಾವಲಿನವರು ನಕ್ಕರು. "ಕಾಡಲ್ಲಿ ಹಣ್ಣು ಬಿಟ್ಟಿದೆ ಕಾಕ್. ನಮ್ಮ ಬಾಳೆಹಣ್ಣು ಯಾರಿಗೆ ಬೇಕು?" ಕಾಕ್ ಅಂದರೆ ಅಕ್ಕ. ಅವು ಬಾರದಿದ್ದರೆ ಅಲ್ಲಿನವರಿಗೆ ಖುಷಿ, ಹೊಟ್ಟೆ ತುಂಬಿಸಿಕೊಳ್ಳಲು ಕಲಿತಿವೆ ಅಂತ. ನಾಲ್ಕನೇ ಸಲ ತಾಯಿ ಮರಿ ಎರಡೂ ಬಂದವು. ತಾಯಿ ಒಂದು ತೆಂಗಿನಕಾಯಿ ತಗೊಂಡು ಮರಕ್ಕೆ ಬಡಿದು ಒಡೆದು, ನೀರು ಕುಡಿದು, ತುಂಡನ್ನು ಮರಿಗೆ ಬಿಟ್ಟಿತು. ಮರಿ ಏಳೆಂಟು ವರ್ಷದವರೆಗೂ ತಾಯಿಯ ಜೊತೆಗೇ ಇರುತ್ತದಂತೆ. ಯಾವ ಮರದಲ್ಲಿ ಯಾವಾಗ ಹಣ್ಣು ಅಂತ ಕಲಿಯಲು ಅಷ್ಟು ಕಾಲ ಬೇಕು. "ನೀನು ಮೂರು ಶನಿವಾರಕ್ಕೇ ಸುಸ್ತಾದೆ" ಅಂದರು ಅಕ್ಕ.

ಕಪ್ಪೆ ನೋಡಲು ರಾತ್ರಿ ಕಾಡಿಗೆ ಹೋಗುವವರಿದ್ದಾರೆ ಅಂತ ತಿಳಿದದ್ದು ಕುಬಾದಲ್ಲಿ. ಕೂಚಿಂಗ್‌ಗೆ ಹತ್ತಿರದ ಬೆಟ್ಟ ಅದು. 2010ರಲ್ಲಿ ಇಂದ್ರನೀಲ್ ದಾಸ್ ಮತ್ತು ಅಲೆಕ್ಸಾಂಡರ್ ಹಾಸ್ ಅನ್ನೋ ವಿಜ್ಞಾನಿಗಳು ಅಲ್ಲಿನ ಒಂದು ಪುಟ್ಟ ಕಪ್ಪೆಯ ಬಗ್ಗೆ ಬರೆದರು. ಬೆಳೆದ ಗಂಡು 11ರಿಂದ 13 ಮಿ.ಮೀ., ಅಂದರೆ ಒಂದು ಬಟಾಣಿಯಷ್ಟು. ಹೂಜಿ ಗಿಡ ಇರುತ್ತದಲ್ಲ, ಹುಳ ಬೀಳಿಸಿಕೊಂಡು ತಿನ್ನುವ ಗಿಡ, ಅದರ ಹೂಜಿಯಲ್ಲಿ ನಿಂತ ನೀರಿನಲ್ಲಿ ಇದರ ಮರಿಗಳು ಬೆಳೆಯುತ್ತವೆ. ನಮ್ಮನ್ನು ಕರೆದೊಯ್ದದ್ದು ಇವರ ವಿದ್ಯಾರ್ಥಿ ಒಬ್ಬ. "ಟಾರ್ಚ್ ಆರಿಸಿ, ಸುಮ್ನೆ ನಿಂತ್ಕೊಳ್ಳಿ" ಅಂದ. ಕಿರ್ರ್ ಅನ್ನೋ ಸದ್ದು ನನ್ನ ಪಾದದ ಪಕ್ಕದಿಂದಲೇ ಬರುತ್ತಿತ್ತು. ಮುಕ್ಕಾಲು ಗಂಟೆ ಬಗ್ಗಿ ಹುಡುಕಿದೆವು. ನನಗೆ ಅದು ಕಾಣಿಸಿದ್ದು ಒಂದೇ ಕ್ಷಣ. ಅಮ್ಮನಿಗೆ ಹೇಳಿದರೆ, "ಕಪ್ಪೆ ನೋಡಕ್ಕೆ ವಿಮಾನ ಹತ್ತಿ ಹೋದ್ಯಾ?" ಅಂದಳು. ಆ ಹುಡುಗನ ತಾಳ್ಮೆಗೆ ನಾನು ಇನ್ನೂ ಸಾಲಗಾರಳು.

ಗುನುಂಗ್ ಗಾಡಿಂಗ್ ಅನ್ನೋ ರಾಷ್ಟ್ರೀಯ ಉದ್ಯಾನದ ಕಚೇರಿಯಲ್ಲಿ ಫೋನ್ ಎತ್ತುವವರಿಗೂ ಒಂದು ನಮಸ್ಕಾರ. ಅಲ್ಲಿ ರಫ್ಲೇಷಿಯಾ ಹೂ ಬಿಡುತ್ತದೆ. ಎಲೆ ಇಲ್ಲ, ಕಾಂಡ ಇಲ್ಲ, ಬೇರೆ ಬಳ್ಳಿಯ ಒಳಗೆ ಬದುಕಿ ಹೂ ಮಾತ್ರ ಹೊರಗೆ ಹಾಕುವ ಕಳ್ಳ ಗಿಡ. ಮೊಗ್ಗು ಬಲಿಯಲು ತಿಂಗಳುಗಟ್ಟಲೆ ಬೇಕು, ಅರಳಿದ ಮೇಲೆ ನಾಲ್ಕೈದು ದಿನಕ್ಕೆ ಕಪ್ಪಾಗಿ ಕೊಳೆಯುತ್ತದೆ. ಅರಳಿದೆಯಾ ಅಂತ ನಾನು ಒಂದು ವರ್ಷ ಫೋನ್ ಮಾಡಿದೆ. "ಬೆಲುಮ್, ಕಾಕ್." ಇನ್ನೂ ಇಲ್ಲ ಅಂತ ಅದರರ್ಥ. ಒಂದು ಸಲವೂ ಸಿಡುಕಲಿಲ್ಲ.

ಈಗ ಬಾಕೋ. 1957ರಲ್ಲಿ ಆದದ್ದು, ಸರವಾಕ್‌ನ ಮೊದಲ ರಾಷ್ಟ್ರೀಯ ಉದ್ಯಾನ. ರಸ್ತೆ ಇಲ್ಲ. ಬಾಕೋ ಹಳ್ಳಿಯ ಮೀನುಗಾರರ ದೋಣಿಯಲ್ಲಿ ನದಿ ಹಾದು ಸಮುದ್ರ ಸೇರಿ, ಅರ್ಧ ಗಂಟೆಯಲ್ಲಿ ತಲುಪಬೇಕು. ದೋಣಿ ಕಟ್ಟುವಲ್ಲೇ ಮೊಸಳೆ ಇದೆ ಅಂತ ಬೋರ್ಡು. ನೀರು ಇಳಿದರೆ ದೋಣಿ ಜೆಟ್ಟಿಗೆ ಬರಲ್ಲ, ಮಂಡಿವರೆಗೆ ನೀರಲ್ಲಿ ನಡೆಯಬೇಕು. ಆರು ವರ್ಷದಲ್ಲಿ ಮೂವತ್ತು ಸಲವಾದರೂ ಹೋಗಿರಬೇಕು. ಮುಖ್ಯ ಕಾರಣ ಮೂಗುದ್ದದ ಕೋತಿ. ಬೋರ್ನಿಯೋ ಬಿಟ್ಟರೆ ಜಗತ್ತಿನಲ್ಲಿ ಎಲ್ಲೂ ಇಲ್ಲ. ಗಂಡಿಗೆ ಮೂಗು ಬಾಯಿಯ ಮೇಲೆ ಜೋತು ಬಿದ್ದಿರುತ್ತದೆ. ಎಲೆ ಅರೆದು ಕರಗಿಸುವ ಹೊಟ್ಟೆ, ಊಟದೆಲೆ ಮುಂದಿನಿಂದ ಈಗಷ್ಟೇ ಎದ್ದವರ ಹಾಗೆ. ಇಲ್ಲಿಯವರು ಇದನ್ನು ಡಚ್ ಮನುಷ್ಯ ಅಂತ ಕರೆಯುತ್ತಾರೆ, ಹಿಂದೆ ಆಳಲು ಬಂದವರ ಮೂಗು ಹೊಟ್ಟೆ ನೋಡಿ ಇಟ್ಟ ಹೆಸರು. ಉದ್ದ ಬಾಲದ ಮಾಮೂಲಿ ಕೋತಿಗಳೂ ಇವೆ. ಅವು ನಮ್ಮ ಅಡಿಕೆ ತೋಟಕ್ಕೆ ಬರುವವುಗಳ ಸ್ವಂತ ದಾಯಾದಿಗಳು. ಅಮ್ಮ ಕಳಿಸಿದ್ದ ಚಕ್ಕುಲಿ ಪೊಟ್ಟಣವನ್ನು ಬ್ಯಾಗಿನ ಜಿಪ್ ತೆಗೆದು ಒಯ್ದಿವೆ.

ಆ ಶನಿವಾರ ನಾನು ಮತ್ತು ವೈನಿ ಇಬ್ಬರೇ. ವೈನಿ ಧಾರವಾಡದವರು. ಇಲ್ಲಿ ನಮ್ಮ ಪರಿಚಯದ ಕನ್ನಡದ ಮನೆಗಳು ನಾಲ್ಕು, ಅದರಲ್ಲೊಂದು ಅವರದು. ತೆಲೋಕ್ ಪಂಡಾನ್ ಕೆಚಿಲ್ ಅನ್ನೋ ಕಡಲ ತೀರಕ್ಕೆ ಕಾಡಿನೊಳಗೆ ನಡೆದು, ಅಲ್ಲಿಂದ ದೋಣಿಯಲ್ಲಿ ವಾಪಸ್ ಬರುವುದು ಅಂತ ಲೆಕ್ಕ. ದೋಣಿಯವರು ಎರಡು ಗಂಟೆಗೆ ಬರುತ್ತೇನೆ ಅಂದಿದ್ದರು. ದಾರಿಯಲ್ಲಿ ಮೂಗುದ್ದದ ಕೋತಿಗಳ ಒಂದು ಸಂಸಾರ ಸಿಕ್ಕಿ ನಾನು ಜಾಸ್ತಿ ಹೊತ್ತು ನಿಂತೆ. ಆಮೇಲೆ ಗಡಿಯಾರ ನೋಡಿ ಓಡಿದೆ. ಕೊನೆಯ ಇಳಿಜಾರಿನಲ್ಲಿ ಬೇರಿಗೆ ಕಾಲು ಸಿಕ್ಕಿತು. ಟಪ್ ಅಂತ ಕೇಳಿಸಿತು, ನೋವು ಆಮೇಲೆ ಬಂತು. ತಪ್ಪು ಬೇರೆ ಯಾರದ್ದೂ ಅಲ್ಲ.

ವೈನಿ ಕಿರುಚಲಿಲ್ಲ, ಅಳಲಿಲ್ಲ. ನನ್ನ ಮಡಿಸುವ ಕೊಡೆಯನ್ನು ಕಾಲಿಗೆ ಒತ್ತಿ ಹಿಡಿದು, ತಮ್ಮ ವೇಲಿನಿಂದ ಸುತ್ತಿ ಬಿಗಿದು ಕಟ್ಟಿದರು. "ಅಲ್ಲಾಡಬ್ಯಾಡ್ರಿ, ನಾ ಹೋಗಿ ಮಂದಿನ್ನ ಕರ್ಕೊಂಡ ಬರ್ತೀನಿ" ಅಂತ ಇಳಿದು ಹೋದರು. ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ನಾನು ಬೇರಿನ ಮೇಲೆ ಒಬ್ಬಳೇ ಕೂತೆ.

ಹತ್ತು ನಿಮಿಷ ಕಳೆದಿರಬೇಕು. ತಲೆಯ ಪಕ್ಕ, ತೋಳು ಚಾಚಿದರೆ ಸಿಗುವಷ್ಟು ದೂರದ ಕೊಂಬೆಯಲ್ಲಿ ಹಸಿರು ಗಂಟೊಂದು ಕಂಡಿತು. ಗುಳಿಮಂಡಲದ ಹಾವು, ವಿಷದ್ದು. ನಾವು ಬಂದಾಗಲೂ ಅಲ್ಲೇ ಇತ್ತು, ನಾನು ಬಿದ್ದಾಗಲೂ ಅಲ್ಲೇ ಇತ್ತು. ಈ ಹಾವು ಒಂದೇ ಕೊಂಬೆಯಲ್ಲಿ ದಿನಗಟ್ಟಲೆ ಕೂತಿರುತ್ತದೆ, ಬೇಟೆ ತಾನಾಗಿ ಹತ್ತಿರ ಬರಲಿ ಅಂತ. ನೋಡಿದ ಮೇಲೆ ಎದೆ ಹೊಡೆದುಕೊಂಡಿತು. ಆದರೆ ಏಳುವ ಹಾಗಿಲ್ಲ, ಸರಿಯುವ ಹಾಗೂ ಇಲ್ಲ. ಅದೂ ಸರಿಯಲಿಲ್ಲ. ಹಳದಿ ಕಣ್ಣು, ಮೈಮೇಲೆ ಸಣ್ಣ ಬಿಳಿ ಕೆಂಪು ಗೀರುಗಳು. ಅಷ್ಟು ಹೊತ್ತು, ಅಷ್ಟು ಹತ್ತಿರದಿಂದ ಒಂದು ಕಾಡುಪ್ರಾಣಿಯನ್ನು ನೋಡಿದ್ದು ಜೀವನದಲ್ಲಿ ಅದೇ ಮೊದಲು. ಕಾಲು ನೋಯುತ್ತಿದ್ದದ್ದು ನಡುನಡುವೆ ಮರೆತೇ ಹೋಗುತ್ತಿತ್ತು.

ವೈನಿ ನಾಲ್ಕು ಜನ ಕಾಲೇಜು ಹುಡುಗರನ್ನು ಕರೆದುಕೊಂಡು ಬಂದರು. ಇಬ್ಬರು ಇಬಾನ್, ಅಂದರೆ ಬಿಡಾಯುಗಳ ಹಾಗೆ ಈ ನೆಲದ ಮೂಲದವರು, ಒಬ್ಬ ಚೀನೀ, ಒಬ್ಬ ಮಲಯ್. ತೀರದಲ್ಲಿ ಈಜಲು ಬಂದವರು, ಒದ್ದೆ ಚಡ್ಡಿಯಲ್ಲೇ ಹತ್ತಿ ಬಂದಿದ್ದರು. ಇಬ್ಬಿಬ್ಬರು ಕೈ ಹೆಣೆದು ಕೂರಿಸಿಕೊಂಡು, ಸರದಿಯ ಮೇಲೆ ಇಳಿಸಿದರು. ನನ್ನ ತೂಕ ಇಲ್ಲಿ ಬರೆಯಲ್ಲ, ಅವರಿಗೆ ಗೊತ್ತು. ದೋಣಿಯ ಪಾಕ್‌ಚಿಕ್, ಅಂದರೆ ಚಿಕ್ಕಪ್ಪ, ಕಾಯುತ್ತಲೇ ಇದ್ದರು. ಸೊಂಟದ ನೀರಿಗೆ ಇಳಿದು ದೋಣಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. "ಪೆಲಾನ್, ಪೆಲಾನ್." ಮೆಲ್ಲಗೆ, ಮೆಲ್ಲಗೆ. ದಾರಿಯುದ್ದಕ್ಕೂ ಪ್ರತಿ ಅಲೆಗೂ ಎಂಜಿನ್ ತಗ್ಗಿಸಿದರು. ಹಳ್ಳಿಗೆ ಬಂದ ಮೇಲೆ ತಮ್ಮ ಅಳಿಯನ ಕಾರಿನಲ್ಲಿ ಆಸ್ಪತ್ರೆಗೆ ಕಳಿಸಿದರು. ಇವರು ಮಾರನೇ ದಿನ ಹೋಗಿ ದೋಣಿಯ ದುಡ್ಡು ಕೊಟ್ಟರೆ, ಮಾತಾದಷ್ಟೇ ತಗೊಂಡು ಚಿಲ್ಲರೆ ಎಣಿಸಿ ವಾಪಸ್ ಕೊಟ್ಟರಂತೆ. ಆ ಚಿಲ್ಲರೆಯನ್ನು ನಾನು ಖರ್ಚು ಮಾಡಿಲ್ಲ.

ಆಸ್ಪತ್ರೆ, ಪ್ಲೇಟು, ಸ್ಕ್ರೂ, ಇದೆಲ್ಲ ಎಲ್ಲರ ಕಥೆಯೂ ಒಂದೇ, ಬಿಡಿ. ರಾತ್ರಿ ಪಾಳಿಯ ನರ್ಸ್ ಒಬ್ಬರು ನಾನು ಸಸ್ಯಾಹಾರಿ ಅಂತ ತಿಳಿದು ಮನೆಯಿಂದ ಅನ್ನ, ಹುರಿದ ತೋಫು ತಂದಿದ್ದರು. ಅವರಿಗೆ ತೆರಿಮಾ ಕಾಸಿಹ್, ಅಂದರೆ ಧನ್ಯವಾದ.

ಆರು ವಾರ ಕಾಲು ಊರುವ ಹಾಗಿರಲಿಲ್ಲ. ಜಗುಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಪಕ್ಕದ ಮನೆ ಆಂಟಿ ಚೀನೀಯರು. ಮಿದಿನ್ ಅಂತ ಇಲ್ಲಿನ ಕಾಡಿನ ಜರಿಗಿಡದ ಕುಡಿ, ಕೊಡಗಿನವರ ತೆರ್ಮೆ ತೊಪ್ಪಿನ ಸಂಬಂಧಿ. ಇಲ್ಲಿ ಅದನ್ನು ಸಿಗಡಿಯ ಚಟ್ನಿ ಹಾಕಿ ಹುರಿಯುತ್ತಾರೆ. ನನಗೋಸ್ಕರ ಆಂಟಿ ಬೇರೆ ಬಾಣಲೆ ಇಟ್ಟು, ಬರೀ ಬೆಳ್ಳುಳ್ಳಿಯಲ್ಲಿ ಹುರಿದು ಗೋಡೆ ಮೇಲಿಂದ ಕೊಡುತ್ತಿದ್ದರು. ಎದುರು ಮನೆಯವರು ಇಬಾನ್. ಜೂನ್ 1ಕ್ಕೆ ಅವರ ಸುಗ್ಗಿಯ ಹಬ್ಬ ಗವಾಯ್. ನಾನು ಅವರಲ್ಲಿಗೆ ಹೋಗಲಾರೆ ಅಂತ ಮನೆ ಮಂದಿಯೆಲ್ಲ ನಮ್ಮ ಜಗುಲಿಗೇ ಬಂದು ಕೂತರು. ಪದರ ಪದರದ ಬಣ್ಣದ ಕೇಕು ತಂದಿದ್ದರು. ಅದಕ್ಕೆ ಮೊಟ್ಟೆ ಹಾಕುತ್ತಾರೆ ಅಂತ ಗೊತ್ತಿದ್ದೂ ತಿಂದೆ. ಅಮ್ಮನಿಗೆ ಯಾರೂ ಹೇಳಬೇಡಿ.

ಅವರ ಎಂಟು ವರ್ಷದ ಮಗ ದಿನಾ ಶಾಲೆ ಬಿಟ್ಟು ನನ್ನ ಹತ್ತಿರ ಬರುತ್ತಿದ್ದ. ಒಂದು ದಿನ ಆಂಟಿಯ ಅಡಿಕೆ ಮರ ತೋರಿಸಿ "ಚಿಚಾಕ್ ತರ್ಬಾಂಗ್" ಅಂದ. ಹಾರುವ ಹಲ್ಲಿ. ನಾನು ನೋಡಿದೆ, ಮರ ಮಾತ್ರ ಕಂಡಿತು. ಅವನು ನನ್ನ ಗದ್ದ ಹಿಡಿದು ತಿರುಗಿಸಿದ. ತೊಗಟೆ ಅಂದುಕೊಂಡಿದ್ದ ಜಾಗದಲ್ಲಿ ಹಳದಿ ಗಂಟಲ ಚೀಲ ಫಡಕ್ ಅಂತ ಬಿಚ್ಚಿತು. ಹಾರುವ ಓತಿ! ನಮ್ಮ ತೋಟದ ಅಡಿಕೆ ಮರದಲ್ಲೂ ಇದರದ್ದೇ ಬಳಗದ್ದು ಇದೆ. ಅಲ್ಲಿ ಹುಟ್ಟಿ ಬೆಳೆದೂ ನಾನು ನೋಡಿದ್ದು ಮೂರೋ ನಾಲ್ಕೋ ಸಲ. ಈ ಜಗುಲಿಯಿಂದ ಆ ಹುಡುಗ ನನಗೆ ಎರಡು ತಿಂಗಳಲ್ಲಿ ನಲವತ್ತೊಂದು ಸಲ ತೋರಿಸಿದ. ಲೆಕ್ಕ ಅವನ ಗಣಿತದ ಪುಸ್ತಕದ ಹಿಂದಿನ ಪುಟದಲ್ಲಿದೆ. ಅವನಿಗೆ ಒಂದು ದುರ್ಬೀನು ತರಿಸಿದ್ದೇನೆ, ಪಾರ್ಸೆಲ್ ಬುಧವಾರ ಬರಬೇಕು.

ಇನ್ನು ವೈನಿ. ಎರಡು ಮಾತು ಹೇಳುವುದಿದೆ. ಒಂದು, ಬಾಕೋದಲ್ಲಿ ಇಂಬಳ ಕಡಿಮೆ ಅಂದರೂ ಕೇಳದೆ ನಿಮ್ಮ ಇಂಬಳದ ಕಾಲುಚೀಲ ಕೇಳಿ ಹಾಕಿಕೊಂಡಿದ್ದೆನಲ್ಲ, ಅದನ್ನು ಆಸ್ಪತ್ರೆಯಲ್ಲಿ ಕತ್ತರಿಯಿಂದ ಕತ್ತರಿಸಿದರು. ಇನ್ನೊಂದು, ಆ ಹಾವಿನ ವಿಷಯ ನಾನು ನಿಮಗೆ ಇವತ್ತಿನವರೆಗೆ ಹೇಳಿರಲಿಲ್ಲ. ನೀವು ಕೊಡೆ ಕಟ್ಟುವಾಗ ಅದು ಇದ್ದದ್ದು ನಿಮ್ಮ ಬೆನ್ನ ಹಿಂದೆಯೇ. ಹುಡುಗರ ಜೊತೆ ಬಂದಾಗಲೂ ಹೇಳಲಿಲ್ಲ. ಹೇಳಿದ್ದರೆ ಹೊರಲು ಇನ್ನೂ ನಾಲ್ಕು ಜನ ಬೇಕಾಗುತ್ತಿತ್ತು. ಬೈಯಲಿಕ್ಕೆ ಭಾನುವಾರ ಬನ್ನಿ. ಹೊಸ ಕಾಲುಚೀಲ ತಂದಿಟ್ಟಿದ್ದೇನೆ, ಎರಡು ಜೊತೆ.